ನಮ್ಮ ಹಿತ್ತಲ ಬೇಲಿಯ ಕಂಡಿ

ಕೆಲಸ ಮಾಡಲು ಬಾರದವನಿಗೆ ಕೆಲಸ ಮಾಡಿಸುವುದರಲ್ಲಿ ಇರುವ ಆತ್ಮವಿಶ್ವಾಸ, ಕೆಲಸ ಬಲ್ಲವನಿಗೆ ಎಂದೂ ಇರುವುದಿಲ್ಲ. ನಾನು ಮೊದಲನೆಯ ಜಾತಿಯವನು. ಒಮ್ಮೆ ಕ್ಯಾಲೆಂಡರ್ ತೂಗುಹಾಕಲು ಗೋಡೆಗೆ ಮೊಳೆ ಹೊಡೆದೆ. ಮೊಳೆ ಒಳಗೆ ಹೋಗಲಿಲ್ಲ, ಗೋಡೆಯೇ ಅಂಗೈಯಗಲ ಹೊರಗೆ ಬಂತು. ಆ ಹೊಂಡ ಮುಚ್ಚಲು ಕ್ಯಾಲೆಂಡರ್ ಸಾಲದೆ, ನಮ್ಮ ತಂದೆಯವರ ದೊಡ್ಡ ಫೋಟೋ ತಂದು ಹಾಕಬೇಕಾಯಿತು. ಬಂದವರೆಲ್ಲ ನನ್ನ ಪಿತೃಭಕ್ತಿಯನ್ನು ಹೊಗಳುತ್ತಾರೆ. ಇಷ್ಟಾದರೂ ರಸ್ತೆಯಲ್ಲಿ ಯಾರಾದರೂ ಗುಂಡಿ ತೋಡುತ್ತಿದ್ದರೆ ನಾನು ಬೆನ್ನ ಹಿಂದೆ ಕೈಕಟ್ಟಿ ನಿಂತು, ಇನ್ನೂ ಸ್ವಲ್ಪ ಆಳ ಹೋಗಬೇಕು ಎಂದು ಹೇಳದೆ ಮುಂದೆ ಹೋದವನಲ್ಲ. ಇಂಥವನು ತನ್ನದೇ ಮನೆಯ ಬೇಲಿ ರಿಪೇರಿಗೆ ಕೈ ಹಾಕಿದರೆ ಏನಾದೀತು ಎಂಬುದನ್ನೇ ಈಗ ನಿಮ್ಮ ಮುಂದೆ ತೋಡಿಕೊಳ್ಳುತ್ತಿದ್ದೇನೆ.

ನಾವು ಮೂಲತಃ ಧಾರವಾಡದವರು. ವಿಮೆ ಕಚೇರಿಯ ನೌಕರಿ ನನ್ನನ್ನು ಪುಣೆಗೆ ತಂದಿತು, ನಿವೃತ್ತಿಯಾದರೂ ಇಲ್ಲಿಂದ ಏಳಲಿಲ್ಲ. ಖಡಕಿಯ ಹತ್ತಿರ ಬೆನ್ನಿಗೆ ಬೆನ್ನು ಹಚ್ಚಿ ಕೂತಿರುವ ಹಳೆಯ ಸಣ್ಣ ಮನೆಗಳಲ್ಲಿ ನಮ್ಮದೂ ಒಂದು. ನಮ್ಮ ಹಿತ್ತಲಿಗೆ ಹಿತ್ತಲು ಹಚ್ಚಿಕೊಂಡು ಜೋಗಳೇಕರರ ಮನೆ. ನಡುವೆ ತಂತಿಯ ಬಲೆಯ ಬೇಲಿ. ಅದರ ಕಬ್ಬಿಣದ ಕಂಬಗಳು ತುಕ್ಕು ಹಿಡಿದು, ಪಂಕ್ತಿಯಲ್ಲಿ ಊಟ ಮುಗಿಸಿದವರ ಹಾಗೆ ಒಂದರ ಮೇಲೊಂದು ವಾಲಿದ್ದವು. ಕರಿಬೇವಿನ ಗಿಡದ ಪಕ್ಕದಲ್ಲಿ ಬಲೆ ಪೂರ್ತಿ ಹರಿದು, ಒಬ್ಬ ಮನುಷ್ಯ ಸ್ವಲ್ಪ ಬಗ್ಗಿ ದಾಟುವಷ್ಟು ಕಂಡಿಯಾಗಿತ್ತು. ನನ್ನ ಹೆಂಡತಿ ಸುಧಾ ಮತ್ತು ಜೋಗಳೇಕರರ ಹೆಂಡತಿ, ನಾವು ಕರೆಯುವಂತೆ ವಹಿನಿ, ಇವರಿಬ್ಬರ ಸ್ನೇಹವೆಲ್ಲ ಆ ಕಂಡಿಯಲ್ಲಿಯೇ ಬೆಳೆದದ್ದು. ಇಲ್ಲಿಂದ ಶೇಂಗಾ ಚಟ್ನಿ, ಎಣ್ಣೆಗಾಯಿ ಹೋಗುತ್ತಿದ್ದವು. ಅಲ್ಲಿಂದ ಥಾಲಿಪೀಠ, ಅದರ ಮೇಲೊಂದು ಉಂಡೆ ಬೆಣ್ಣೆ ಬರುತ್ತಿತ್ತು. ಬಂದ ಪಾತ್ರೆಯನ್ನು ಬರಿದಾಗಿ ಮರಳಿಸಬಾರದು ಎಂಬ ಪದ್ಧತಿ ಎರಡೂ ಮನೆಗಳಲ್ಲಿ ಇದ್ದುದರಿಂದ ಈ ವ್ಯವಹಾರಕ್ಕೆ ಕೊನೆ ಎಂಬುದೇ ಇರಲಿಲ್ಲ.

ಮುಂದಿನ ಬಾಗಿಲಿನಿಂದ ಯಾಕೆ ಹೋಗಬಾರದು ಎಂದು ನೀವು ಕೇಳಬಹುದು. ಹೋಗಬಹುದು. ಆದರೆ ಅವರ ಗೇಟು ಹಿಂದಿನ ಓಣಿಗೆ ಇದೆ, ಇಡೀ ಸಾಲು ಸುತ್ತಿ ಬರಬೇಕು. ರಸ್ತೆಗಿಳಿಯುವುದೆಂದರೆ ಸೀರೆ ಬದಲಿಸಬೇಕು, ತಲೆ ಬಾಚಬೇಕು. ಇಷ್ಟೆಲ್ಲ ಮಾಡಿ ಹೋದರೆ ಗೇಟಿನ ಮೇಲೆ ಜೋಗಳೇಕರರ ಫಲಕ ಎದುರಾಗುತ್ತದೆ: ‘ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬೆಲ್ ಒತ್ತಬಾರದು. ಒತ್ತಿದರೆ ಬಾಗಿಲು ತೆರೆಯುವುದಿಲ್ಲ. ತೆರೆದರೆ ಒಳ್ಳೆಯ ಮಾತು ಕೇಳಲು ಸಿಗುವುದಿಲ್ಲ.’ ಪುಣೆಯಲ್ಲಿ ಮಧ್ಯಾಹ್ನದ ನಿದ್ದೆ ದೇವರ ಪೂಜೆಗಿಂತ ಒಂದು ತೂಕ ಹೆಚ್ಚು. ಆದರೆ ಎರಡೂ ಮನೆಗಳ ಗಂಡಸರು ಗೊರಕೆ ಹೊಡೆಯುವ ಆ ಹೊತ್ತೇ ಎರಡೂ ಮನೆಗಳ ಹೆಂಗಸರಿಗೆ ಸಿಗುವ ಬಿಡುವು. ಹಿತ್ತಲ ಕಂಡಿಗೆ ಬೆಲ್ಲೂ ಇಲ್ಲ, ಫಲಕವೂ ಇಲ್ಲ.

ಹೀಗೆ ಸುಖವಾಗಿರುವಾಗ ಬೆಳಗಾವಿಯಿಂದ ನನ್ನ ಹೆಂಡತಿಯ ಅಣ್ಣ ಪ್ರಹ್ಲಾದರಾಯರು ಬಂದರು. ಹಿತ್ತಲಲ್ಲಿ ಹಲ್ಲುಜ್ಜುತ್ತ ನಿಂತಿದ್ದಾಗ ಜೋಗಳೇಕರ ವಹಿನಿ ಕಂಡಿಯಿಂದ ತೂರಿ ಬಂದು, ಅವರನ್ನು ದಾಟಿ, ನೇರ ಅಡುಗೆಮನೆಗೆ ಹೋದರಂತೆ. ರಾಯರು ಬಾಯಿ ಮುಕ್ಕಳಿಸಿ ಒಳಗೆ ಬಂದವರೇ, “ಇದು ಮನೀನೋ, ಬಸ್ ಸ್ಟ್ಯಾಂಡೋ” ಎಂದು ಕೇಳಿದರು. ಹೆಂಡತಿಯ ತವರಿನವರ ಮಾತು ಎಂಥವನಿಗೂ ನಾಟುತ್ತದೆ. ಅವರ ಬೆಳಗಾವಿ ಬಸ್ಸು ಹೊರಡುವ ಮೊದಲೇ, ಮುಂದಿನ ಸಲ ಬರುವಷ್ಟರಲ್ಲಿ ಹೊಸ ಬೇಲಿ ಹಾಕಿಸಿರುತ್ತೇನೆ ಎಂದು ಅವರಿಗೆ ಮಾತು ಕೊಟ್ಟೆ. ಸುಧಾಳ ಮುಖ ಸಪ್ಪಗಾಯಿತು. ಆದರೆ ಹೇಳಿದವನು ಅವಳ ಸ್ವಂತ ಅಣ್ಣ, ಏನೆಂದಾಳು?

ಬೇಲಿ ಕೆಲಸದ ಕಾಂಟ್ರ್ಯಾಕ್ಟರ್ ಬಿರಾದಾರ ಎಂಬಾತನನ್ನು ಹಾರ್ಡ್‌ವೇರ್ ಅಂಗಡಿಯವನು ಕಳಿಸಿಕೊಟ್ಟ. ಗಟ್ಟಿಮುಟ್ಟಾದ ಆಳು, ಮಾತು ಕಡಿಮೆ. ಯಾವ ಕಡೆಯವರು ಎಂದು ನಾನು ಮರಾಠಿಯಲ್ಲಿ ಕೇಳಿದೆ. ಸೋಲಾಪುರದ ಕಡೆಯವನು ಎಂದು ಅವನೂ ಮರಾಠಿಯಲ್ಲಿ ಹೇಳಿದ. ನನ್ನ ಮರಾಠಿಯ ಬಗ್ಗೆ ನನಗೆ ಅಭಿಮಾನವಿದೆ. ಇಂದಾಪುರದಲ್ಲಿ ಬಸ್ಸು ನಿಲ್ಲುವ ಜಾಗ, ಅಲ್ಲಿನ ಚಹಾ, ಎರಡೂ ಬದಿಯ ಕಬ್ಬು ಎಂದು ಅವನದೇ ಊರಿನ ದಾರಿಯನ್ನು ಅವನಿಗೇ ಬಹಳ ಹೊತ್ತು ವರ್ಣಿಸಿದೆ. ಅವನು “ಹೋ ಸಾಹೇಬ, ಹೋ ಸಾಹೇಬ” ಎಂದು ಹೂಂಗುಟ್ಟುತ್ತ ಟೇಪು ಹಿಡಿದು ಅಳತೆ ತೆಗೆದುಕೊಂಡ.

ಪರಭಾಷೆಯ ಊರಿನಲ್ಲಿರುವ ನಮ್ಮಂಥವರಿಗೆ ಒಂದು ದೊಡ್ಡ ಸವಲತ್ತುಂಟು. ತರಕಾರಿಯವಳ ಎದುರು, ರಿಕ್ಷಾದವನ ಬೆನ್ನಿಗೇ ಕೂತು, ಗಂಡ ಹೆಂಡತಿ ಕನ್ನಡದಲ್ಲಿ ಏನು ಬೇಕಾದರೂ ಆಡಿಕೊಳ್ಳಬಹುದು. ನಾನು ಆ ಸವಲತ್ತನ್ನು ಬಿರಾದಾರನ ಎದುರು ಧಾರಾಳವಾಗಿ ಬಳಸಿದೆ. “ಇಂವಾ ನೋಡ್ಲಿಕ್ಕೆ ಪೈಲವಾನ, ಕೆಲಸದಾಗ ಸೊನ್ನಿ” ಎಂದೆ. “ಚಹಾ ಕೊಡು, ಆದ್ರ ಖಾರಾ-ಗೀರಾ ತಂದಿಡಬ್ಯಾಡ, ಆರಾಮ ಕೂತುಬಿಡ್ತಾನ” ಎಂದೆ. ಅವನು ಕಂಬವನ್ನೇ ನೋಡುತ್ತಿದ್ದ. ಸುಧಾ ಮಾತ್ರ ಸೆರಗು ಬಾಯಿಗೆ ಹಚ್ಚಿಕೊಂಡು ಒಳಗೆ ಹೋದಳು. ನನ್ನ ವಿನೋದ ಇಷ್ಟು ವರ್ಷಗಳ ಮೇಲೂ ಅವಳಿಗೆ ರುಚಿಸುತ್ತದಲ್ಲ ಎಂದು ಖುಷಿಯಾಯಿತು. ಅವನ ತಟ್ಟೆಗೆ ಅವಲಕ್ಕಿ ಚೂಡಾದ ಜೊತೆಗೆ ಬೇಸನ್ ಉಂಡಿಯೂ ಬಂತು. ನನ್ನ ತಟ್ಟೆಗೆ ಬರೀ ಚೂಡಾ.

ಮೊದಲ ದಿನವೇ ಅವನು ಹಳೆಯ ಬೇಲಿ ಕಿತ್ತು, ಉದ್ದಕ್ಕೂ ಪಾಯ ತೋಡಿ, ಮಣ್ಣು, ಜಲ್ಲಿ, ಕಬ್ಬಿಣ ಎಲ್ಲ ಗಡಿಯ ಮೇಲೆ ಗುಡ್ಡೆ ಹಾಕಿದ. ಆಮೇಲೆ ಮಾಯವಾದ. ಫೋನು ಮಾಡಿದರೆ “ಉದ್ಯಾ” ಎನ್ನುತ್ತಿದ್ದ. ಉದ್ಯಾ ಎಂದರೆ ನಾಳೆ ಎಂದು ಎಲ್ಲರೂ ಕಲಿಸುತ್ತಾರೆ. ಕಾಂಟ್ರ್ಯಾಕ್ಟರರ ಬಾಯಲ್ಲಿ ಅದರ ಅರ್ಥ, ಇವತ್ತು ಖಂಡಿತ ಇಲ್ಲ ಎಂದಷ್ಟೇ. “ಹೋಯಿಲ ಸಾಹೇಬ”, ಅಂದರೆ ಆಗುತ್ತದೆ, ಎಂಬ ಇನ್ನೊಂದು ಮಾತೂ ಅವನಲ್ಲಿತ್ತು. ಯಾವಾಗ ಎಂದು ಮಾತ್ರ ಕೇಳಬಾರದು. ಹೀಗಾಗಿ ನಮ್ಮ ಹಿತ್ತಲಲ್ಲಿ ಈಗ ಬೇಲಿಯೂ ಇರಲಿಲ್ಲ, ದಾಟಲು ದಾರಿಯೂ ಇರಲಿಲ್ಲ. ಜೋಗಳೇಕರರ ಸ್ಟೀಲ್ ಡಬ್ಬಿಯೊಂದು ನಮ್ಮ ಕಟ್ಟೆಯ ಮೇಲೆಯೇ ಉಳಿಯಿತು. ಮಧ್ಯಾಹ್ನ ಮೂರಕ್ಕೆ ಎಚ್ಚರವಾಗಿ ನೋಡಿದರೆ, ಸುಧಾ ಹಿತ್ತಲ ಬಾಗಿಲಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ಮಣ್ಣಿನ ಗುಡ್ಡೆಯ ಆಚೆ ವಹಿನಿಯೂ ನಿಂತಿರುತ್ತಿದ್ದರು. ಇಬ್ಬರೂ ಕೂಗಿ ಮಾತಾಡುವಂತಿಲ್ಲ, ಎರಡೂ ಕಡೆ ಗಂಡಂದಿರ ನಿದ್ದೆ. ನನಗೆ ಕರುಳು ಚುರುಕ್ಕೆಂದಿತು, ಸುಳ್ಳೇಕೆ ಹೇಳಲಿ. ಥಾಲಿಪೀಠವೂ ನಿಂತುಹೋಗಿತ್ತು.

ಕೊನೆಗೆ ಬಿರಾದಾರ ಹೊಸ ಕಂಬಗಳೊಡನೆ ಬಂದ ದಿನ ಸುಧಾ ಅವನೆದುರೇ ಕೇಳಿದಳು. “ಕಂಡಿ ಇದ್ದಲ್ಲೆ ಒಂದು ಸಣ್ಣ ಬಾಗಿಲಾ ಇಡಸ್ರಿ. ಯಾರಿಗೂ ತೊಂದ್ರಿ ಇಲ್ಲ.”

“ಬಾಗಿಲಾ ಇಟ್ಟಮ್ಯಾಲೆ ಬೇಲಿ ಯಾಕ ಬೇಕು? ನಿಮ್ಮಣ್ಣ ಏನಂದಾರು?” ಎಂದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. “ಅಲ್ಲದ, ಇಂವಗ ಬಾಗಿಲಾ ಕೂಡಸ್ಲಿಕ್ಕೆ ಎಲ್ಲಿ ಬರ್ತದ? ಕಂಬ ನೆಟ್ಟಗ ನಿಂತ್ರ ಸಾಕು” ಎಂದೂ ಸೇರಿಸಿದೆ. ಬಿರಾದಾರ ಕಂಬದ ಮಟ್ಟ ನೋಡುತ್ತ, ಅದನ್ನು ಸ್ವಲ್ಪ ಹೆಚ್ಚೇ ನೆಟ್ಟಗೆ ನಿಲ್ಲಿಸಿದಂತೆ ಕಂಡಿತು.

ಮರುದಿನ ಖರಾಡಿಯಲ್ಲಿರುವ ಮಗಳ ಮನೆಯಿಂದ, ಮೊಮ್ಮಗಳಿಗೆ ಜ್ವರ, ಒಂದು ದಿನ ಬಂದು ಹೋಗಿ ಎಂದು ಕರೆ ಬಂತು. ಸುಧಾ ತನಗೆ ಮಂಡಿನೋವೆಂದು ನನ್ನೊಬ್ಬನನ್ನೇ ಕಳಿಸಿದಳು. ಸಂಜೆ ಮರಳಿ ಬಂದು ನೋಡುತ್ತೇನೆ, ಇಷ್ಟು ದಿನ ಉದ್ಯಾ ಎಂದವನು ಒಂದೇ ದಿನದಲ್ಲಿ ಬೇಲಿ ಮುಗಿಸಿದ್ದ. ಹಸಿರು ಬಲೆ, ಸಾಲಾಗಿ ನಿಂತ ಕಂಬಗಳು, ಮತ್ತು ಕರಿಬೇವಿನ ಗಿಡದ ಪಕ್ಕದಲ್ಲಿ, ಹಳೆಯ ಕಂಡಿ ಇದ್ದ ಜಾಗದಲ್ಲೇ, ಎರಡೂ ಕಡೆ ಚಿಲಕವಿದ್ದ ಚೆಂದದ ಬಾಗಿಲು. ಬಿರಾದಾರ ಅದಕ್ಕೆ ಎಣ್ಣೆ ಬಿಡುತ್ತಿದ್ದ. ಇದನ್ನು ಯಾರು ಹೇಳಿದರು ಎಂದು ಮರಾಠಿಯಲ್ಲಿ ಗುಡುಗಿದೆ.

ಅವನು ಎಣ್ಣೆಯ ಡಬ್ಬಿ ಕೆಳಗಿಟ್ಟು, “ಅಕ್ಕಾರು ಹೇಳಿದ್ರಿ ಸಾಹೇಬ್ರ. ಬಾಗಿಲಾ ಕೂಡಸಾಕ ನನಗೂ ಒಂದೀಟು ಬರ್ತೈತ್ರಿ” ಎಂದ, ಅಚ್ಚ ಕನ್ನಡದಲ್ಲಿ.

ನನ್ನ ಮರಾಠಿ ಅಲ್ಲಿಗೇ ಮುಗಿಯಿತು. “ನಿಮಗ ಕನ್ನಡ ಬರ್ತದೇನು?”

“ನಮ್ದು ಇಂಡಿ ತಾಲ್ಲೂಕ್ರಿ. ಇಲ್ಲಿ ಮಂದಿಗಿ ಇಂಡಿ ಅಂದ್ರ ತಿಳಿಯಂಗಿಲ್ಲ, ಅದಕ್ಕ ಸೋಲಾಪುರದ ಕಡಿ ಅಂತೀವ್ರಿ. ಅಕ್ಕಾರು ಮೊದಲ ದಿನಾನ ಕೇಳಿ ತಿಳ್ಕೊಂಡ್ರಿ.”

“ಮತ್ತ ನನಗ ಯಾಕ ಹೇಳಲಿಲ್ಲ?”

“ನೀವು ಅಷ್ಟು ತ್ರಾಸ ತಗೊಂಡು ಮರಾಠಿ ಮಾತಾಡಾಕತ್ತಿದ್ರಿ. ನಡುವ ಬಾಯಿ ಹಾಕೂದು ಬರೋಬರಿ ಕಾಣಲಿಲ್ರಿ” ಎಂದು ಬಹಳ ಮರ್ಯಾದೆಯಿಂದ ಹೇಳಿದ.

ಹಿತ್ತಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸುಧಾ ಸೆರಗು ಬಾಯಿಗೆ ಹಚ್ಚಿಕೊಂಡು ಒಳಗೆ ಹೋದಳು. ಸೆರಗಿನ ಮರೆಯಲ್ಲಿ ಅಷ್ಟು ದಿನ ನಕ್ಕದ್ದು ನನ್ನ ವಿನೋದಕ್ಕಲ್ಲ ಎಂಬುದು ಆಗ ನನಗೆ ತಿಳಿಯಿತು. ಬೇಸನ್ ಉಂಡಿಯ ಲೆಕ್ಕವೂ ಹತ್ತಿತು. ರಾತ್ರಿ ಪ್ರಹ್ಲಾದರಾಯರು ಫೋನು ಮಾಡಿ ಬೇಲಿ ಆಯಿತೇ ಎಂದು ಕೇಳಿದರೆ, ಭಾಳ ಭದ್ರ ಆಗಿದೆ ಎಂದೆ. ಬಾಗಿಲು ಭದ್ರವಾಗಿಯೇ ಇತ್ತು, ಸುಳ್ಳಲ್ಲ.

ಮಧ್ಯಾಹ್ನಗಳು ಮತ್ತೆ ಮೊದಲಿನಂತಾದವು. ಎರಡನೆಯ ದಿನವೇ ಥಾಲಿಪೀಠ ಬಂತು. ಬಾಗಿಲು ನನ್ನ ಮನೆಯದೇ ತಾನೇ ಎಂದು, ಮೂರನೆಯ ದಿನ ಊಟವಾದ ಮೇಲೆ ಲುಂಗಿಯಲ್ಲಿಯೇ ಚಿಲಕ ಸರಿಸಿ ಆಚೆ ಹೋದೆ, ಜೋಗಳೇಕರರ ಹತ್ತಿರ ಎರಡು ಮಾತಾಡೋಣವೆಂದು. ನಿದ್ದೆಯಿಂದ ಎದ್ದು ಬಂದ ಆ ಮನುಷ್ಯ ನನ್ನ ಲುಂಗಿಯನ್ನೇ ನೋಡಿ ಮತ್ತೆ ಒಳಗೆ ಹೋದ. ಮರುದಿನ ಬಾಗಿಲಿಗೆ, ನಮ್ಮ ಕಡೆ ಮುಖ ಮಾಡಿ, ಹೊಸ ಫಲಕವೊಂದು ತೂಗುತ್ತಿತ್ತು: ‘ಈ ಬಾಗಿಲು ಮಹಿಳೆಯರಿಗೆ ಮತ್ತು ಡಬ್ಬಿಗಳಿಗೆ ಮಾತ್ರ. ಗಂಡಸರು ಮುಂದಿನ ಗೇಟಿನಿಂದ ಬರಬೇಕು, ನಾಲ್ಕರ ನಂತರ, ಸರಿಯಾದ ಉಡುಪಿನಲ್ಲಿ.’

ಹೀಗಾಗಿ ಈಗ ನಾನು ಜೋಗಳೇಕರರ ಮನೆಗೆ ಹೋಗಬೇಕೆಂದರೆ ನಾಲ್ಕು ಹೊಡೆಯುವವರೆಗೆ ಕಾದು, ಪ್ಯಾಂಟು ಏರಿಸಿ, ತಲೆ ಬಾಚಿ, ಇಡೀ ಸಾಲು ಸುತ್ತಿ ಹೋಗುತ್ತೇನೆ. ಮೊನ್ನೆ ಹೀಗೆ ಹೊರಟಾಗ ಓಣಿಯ ತಿರುವಿನಲ್ಲಿ ಬಿರಾದಾರ ಬೈಕು ನಿಲ್ಲಿಸಿದ.

“ಎಲ್ಲಿಗಿ ಹೊಂಟ್ರಿ ಸಾಹೇಬ್ರ, ಇಷ್ಟು ಟಾಪ್‌ಟೀಪಾಗಿ?”

“ಹಿಂದಿನ ಮನಿಗೆ” ಎಂದೆ. ಆಮೇಲೆ ದನಿ ತಗ್ಗಿಸಿ, ಬೇಲಿಯ ಆ ತುದಿಯಲ್ಲಿ, ಪೇರಲ ಗಿಡದ ಮರೆಗೆ, ನನಗೂ ಒಂದು ಸಣ್ಣ ಕಂಡಿ ಮಾಡಿಕೊಡಲಾದೀತೇ ಎಂದು ಕೇಳಿದೆ. ಈ ಸಲ ಕನ್ನಡದಲ್ಲಿಯೇ ಕೇಳಿದೆ.

ಬಿರಾದಾರ ನನ್ನ ಪ್ಯಾಂಟನ್ನೊಮ್ಮೆ, ಬಾಚಿದ ತಲೆಯನ್ನೊಮ್ಮೆ ನೋಡಿ ಬೈಕಿಗೆ ಕಿಕ್ ಹೊಡೆದ.

“ಹೋಯಿಲ ಸಾಹೇಬ” ಎಂದ. “ಉದ್ಯಾ.”