ಹುಳದ ಮನೆಯ ಹೋಂ ಥಿಯೇಟರ್

ಚನ್ನಪಟ್ಟಣ ತಾಲ್ಲೂಕಿನಲ್ಲಿ ನಮ್ಮ ಚಿಕ್ಕಪ್ಪನಷ್ಟು ದೊಡ್ಡ ಥಿಯೇಟರ್ ಮಾಲೀಕರು ಇನ್ನೊಬ್ಬರಿಲ್ಲ. ಹಾಗಂತ ಹೇಳಿದವರು ಯಾರು? ಮತ್ಯಾರು, ನಮ್ಮ ಚಿಕ್ಕಪ್ಪನೇ! ಐದು ಸ್ಪೀಕರು, ಒಂದು ಮಡಕೆ, ಇಪ್ಪತ್ತೊಂದು ಇಂಚಿನ ಟಿವಿ. ಪ್ರೇಕ್ಷಕರು ಎಷ್ಟು ಅಂತ ಮಾತ್ರ ಕೇಳಬೇಡಿ, ಅವರಿಗೆ ಸಿಟ್ಟು ಬರುತ್ತದೆ.

ಬಿಡದಿ ಕಡೆ ಕಾರ್ಖಾನೆಗಳು ಎದ್ದ ಮೇಲೆ ನಮ್ಮ ಬೈರಾಪಟ್ಟಣದ ಮನೆಯಲ್ಲಿ ಹಗಲು ರಾತ್ರಿ ಎಂಬುದೇ ಕಲಸಿಹೋಯಿತು. ಮನೆಯಲ್ಲಿ ಒಂಬತ್ತು ಜನ. ದೊಡ್ಡಣ್ಣ ಫಸ್ಟ್ ಶಿಫ್ಟು, ಚಿಕ್ಕಣ್ಣ ಸೆಕೆಂಡ್ ಶಿಫ್ಟು, ನಾನು ನೈಟು, ಅತ್ತಿಗೆಯರಿಬ್ಬರೂ ಗಾರ್ಮೆಂಟ್ಸು. ಯಾವ ಹೊತ್ತಿಗೆ ನೋಡಿದರೂ ಒಬ್ಬರು ಹೊರಡುತ್ತಿರುತ್ತಾರೆ, ಒಬ್ಬರು ಬರುತ್ತಿರುತ್ತಾರೆ, ಒಬ್ಬರು ಮುಸುಕೆಳೆದು ಮಲಗಿರುತ್ತಾರೆ. ಟಿವಿ ಹಾಕಿದರೆ ಸಾಕು, ಅಡುಗೆಮನೆಯಿಂದ ಅವ್ವನ "ಶ್!" ಕೇಳಿಸುತ್ತದೆ.

ಚಿಕ್ಕಪ್ಪ ಮದುವೆಯಾದವರಲ್ಲ. ಇಪ್ಪತ್ತೈದು ವರ್ಷ ರೇಷ್ಮೆಹುಳ ಸಾಕಿದವರು. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು ಮಲಗುತ್ತದಲ್ಲ, ಅದನ್ನು ನಾವು ಜ್ವರ ಅನ್ನುತ್ತೇವೆ.

"ಅತ್ಗೆ, ಹುಳ ಜ್ವರಕ್ಕೆ ಮಲಗ್ದಾಗ್ಲೂ ಮನೆ ಇಷ್ಟು ತಣ್ಣಗಿರ್ಲಿಲ್ಲ. ಅವಾದ್ರೆ ನಾಕು ಜ್ವರ ಕಳ್ಕಂಡು ಎದ್ದು ಸೊಪ್ಪು ತಿಂತಿದ್ವು. ಇವು ಯಾವಾಗ್ ಎದ್ದಾವು?"

"ಎದ್ದು ಮುದ್ದೆ ತಿಂತವೆ, ನೀನ್ ಸುಮ್ಕಿರು!" ಅಂದಳು ಅವ್ವ.

ಸೊಪ್ಪು ಕೊಯ್ಯಲು ಆಳಿಲ್ಲದೆ ಹುಳ ಸಾಕುವುದು ನಿಂತುಹೋಗಿತ್ತು. ಹಿತ್ತಲಿನ ಹುಳದ ಮನೆ ಖಾಲಿ ಬಿದ್ದಿತ್ತು. ಒಂದು ದಿನ ಚಿಕ್ಕಪ್ಪ ಟಿವಿಯನ್ನು ಹೆಗಲ ಮೇಲೆ ಹೊತ್ತು ಅಲ್ಲಿಗೆ ನಡೆದೇಬಿಟ್ಟರು. "ಒಂದ್ ದಿನ, ಒಂದೇ ಒಂದ್ ದಿನ, ಒಂಬತ್ತು ಜನಾನೂ ಒಟ್ಟಿಗೆ ಕುಂತು ಒಂದ್ ಪಿಚ್ಚರ್ ನೋಡ್ಬೇಕು. ಅದುಕ್ಕೆ ಏನೇನ್ ಬೇಕೋ ಎಲ್ಲಾನೂ ನಾನ್ ಮಾಡ್ತೀನಿ!"

ಬಜೆಟ್ಟು? ಮನೆಯಲ್ಲಿ ಏನಿದೆಯೋ ಅದು. ಟೇಪ್ ರೆಕಾರ್ಡರಿನ ಎರಡು ಸ್ಪೀಕರ್ ಮುಂದೆ ಬಂದವು. ಗುಜರಿಗೆ ಹೋಗಬೇಕಿದ್ದ ವ್ಯಾನಿನ ಎರಡು ಹಿಂದೆ. ಐದನೆಯದನ್ನು ಅಜ್ಜಿಯ ನೀರಿನ ಮಡಕೆಯ ಬಾಯಿಗೆ ಬೋರಲು ಹಾಕಿದರು. ಭಜನೆ ಮನೆಯಲ್ಲಿ ಧೂಳು ತಿನ್ನುತ್ತಿದ್ದ ಆಂಪ್ಲಿಫೈಯರ್ ಕೇಳಿ ತಂದರು. ವೈರು? ಬತ್ತಿದ ಬೋರ್‌ವೆಲ್ಲಿನ ಮೋಟರ್ ಕೇಬಲ್! ಸದ್ದು ಮಾರ್ದನಿಸಬಾರದೆಂದು ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿ, ಅಂದರೆ ಚಂದ್ರಿಕೆಗಳಿಗೆ ಗೋಣಿಚೀಲ ಹೊಲಿದು ಗೋಡೆ ತುಂಬ ನಿಲ್ಲಿಸಿದರು.

"ಚಿಕ್ಕಪ್ಪ, ಹಿಂದಿಂದ್ಲೂ ಮುಂದಿಂದ್ಲೂ ಒಂದೇ ಸದ್ದು ಬತ್ತೈತಲ್ಲ!"

"ಸುತ್ಲೂ ಬರ್ಬೇಕು ಅಂದ ಟಿವಿ ಅಂಗ್ಡಿಯವ್ನು. ಬತ್ತಾ ಇಲ್ವೇನ್ಲಾ?"

ಬರುತ್ತಿತ್ತು, ಸುಳ್ಳು ಹೇಳಬಾರದು. ನೀರು ತಣ್ಣಗಿಡುವ ಮಡಕೆಗೆ ಗುಡುಗು ತುಂಬವ್ನೆ ಎಂದು ಅಜ್ಜಿ ಊರೆಲ್ಲ ಹೇಳಿಕೊಂಡು ಬಂದಳು. ಒಂದು ಮಧ್ಯಾಹ್ನ ಸಿನಿಮಾದೊಳಗಿನ ಬಸ್ಸು ಹಾರ್ನ್ ಹೊಡೆದ ರಭಸಕ್ಕೆ ಅವ್ವ ಕಂಪನಿ ಬಸ್ಸೇ ಬಂತೆಂದು ಚಿಕ್ಕಣ್ಣನನ್ನು ಬಡಿದೆಬ್ಬಿಸಿದಳು. ಅವನು ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಅತ್ತಿಗೆಯ ಚಪ್ಪಲಿ ಹಾಕಿಕೊಂಡು ರಸ್ತೆವರೆಗೂ ಓಡಿದ್ದ! ಆಮೇಲೆ ಒಂದು ವಾರ ಅವನು ಚಿಕ್ಕಪ್ಪನ ಹತ್ತಿರ ಮಾತಾಡಲಿಲ್ಲ.

ಪ್ರವೇಶದ ನಿಯಮಗಳೂ ಹುಳದ ಕಾಲದವೇ. ಕೈಕಾಲು ತೊಳೆಯಬೇಕು, ಹೊಸ್ತಿಲಲ್ಲಿ ಉದುರಿಸಿದ ಸುಣ್ಣ ತುಳಿದು ಒಳಗೆ ಬರಬೇಕು, ಬೀಡಿ, ಸೆಂಟು, ಪೌಡರು ಯಾವುದರ ವಾಸನೆಯೂ ಕೂಡದು. ಪೌಡರ್ ಹಾಕಿಕೊಂಡು ಹೋದ ದೊಡ್ಡಣ್ಣನನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದರು.

"ಒಳ್ಗೆ ಹುಳ ಎಲ್ಲೈತೆ ಚಿಕ್ಕಪ್ಪ?"

"ಇಲ್ದಿದ್ರೆ ಏನಾಯ್ತು, ಅಭ್ಯಾಸ ಬುಡಕ್ಕಾಯ್ತದಾ?"

ಇಷ್ಟೆಲ್ಲ ಆದರೂ ಒಂಬತ್ತು ಜನ ಸೇರುವ ದಿನ ಮಾತ್ರ ಬರಲಿಲ್ಲ. ಹುಳದ ಲೆಕ್ಕ ಬರೆಯುತ್ತಿದ್ದ ಗೋಡೆಯ ಮೇಲೆ ಚಿಕ್ಕಪ್ಪ ನಮ್ಮೆಲ್ಲರ ಶಿಫ್ಟು, ವಾರದ ರಜೆಗಳನ್ನು ಸೀಮೆಸುಣ್ಣದಲ್ಲಿ ಬರೆದುಕೊಂಡು ಅಳಿಸಿ ಅಳಿಸಿ ಹುಡುಕುತ್ತಿದ್ದರು. ಅಲ್ಲಿಯವರೆಗೆ 'ಟ್ರಯಲ್' ಎಂದು ದಿನವೂ ಒಬ್ಬರೇ ನೋಡುತ್ತಿದ್ದರು. ಇಂಟರ್‌ವಲ್ಲಿನಲ್ಲಿ ಎದ್ದು ಬಂದು ಒಂದು ಲೋಟ ಕಾಫಿ ಕುಡಿದು, ಯಾರಾದರೂ ಎದ್ದಿದ್ದಾರಾ ಎಂದು ಮನೆಯೊಳಗೊಮ್ಮೆ ಇಣುಕಿ, ಮತ್ತೆ ಒಳಗೆ ಹೋಗುತ್ತಿದ್ದರು. ಆಗ ನಮಗೆಲ್ಲ ಅದು ನಗುವ ವಿಷಯವಾಗಿತ್ತು.

ಕೊನೆಗೂ ಒಂದು ಭಾನುವಾರ ಸಿಕ್ಕಿತು. ಎಲ್ಲರಿಗೂ ರಜೆ! ಚಿಕ್ಕಪ್ಪ ಮೂರು ದಿನ ಮುಂಚಿನಿಂದಲೇ ಎಲ್ಲರಿಗೂ ಜ್ಞಾಪಿಸಿದ್ದೇ ಜ್ಞಾಪಿಸಿದ್ದು. ಶನಿವಾರ ಸಂಜೆ ಗಾರ್ಮೆಂಟ್ಸಿನಲ್ಲಿ ಓಟಿ ಅಂದರು, ನಾವು ಅಣ್ಣತಮ್ಮಂದಿರ ಕಂಪನಿಯಲ್ಲೂ ಓಟಿ ಅಂದರು. ಬೆಳಗಾಗುವಷ್ಟರಲ್ಲಿ ಗುಡೇಮಾರನಹಳ್ಳಿಯ ಅಕ್ಕನಿಗೆ ಹೆರಿಗೆಯಾಯಿತೆಂದು ಸುದ್ದಿ ಬಂದು ಅಪ್ಪ, ಅವ್ವ, ಅಜ್ಜಿ ಮೂವರೂ ಬಸ್ಸು ಹತ್ತಿದರು. ಒಬ್ಬೊಬ್ಬರೂ ಹೊರಡುವಾಗ 'ಚಿಕ್ಕಪ್ಪನಿಗೆ ನೀನೇ ಹೇಳು' ಎಂದು ಇನ್ನೊಬ್ಬರಿಗೆ ವಹಿಸಿದರು. ಕೊನೆಗೆ ಉಳಿದವನು ನಾನು.

ಮಧ್ಯಾಹ್ನ ಓಟಿಗೆಂದು ಯೂನಿಫಾರಂ ತೊಟ್ಟು, "ನಾನೂ ಓಯ್ತೀನಿ ಚಿಕ್ಕಪ್ಪ" ಎಂದು ಹೇಳಲು ಹುಳದ ಮನೆಗೆ ಹೋದೆ. ಮುಂದೆ ಅಜ್ಜಿಗೆ ಚಾಪೆ, ಅದರ ಹಿಂದೆ ಸಾಲಾಗಿ ಎಂಟು ಮಣೆ. ಚಿಕ್ಕಪ್ಪ ಒಗೆದ ಪಂಚೆ ಉಟ್ಟು ಮಣೆಗಳನ್ನು ಒರೆಸುತ್ತಿದ್ದರು. ಯಾರೂ ಹೇಳದಿದ್ದರೂ ಮನೆಯಲ್ಲಿ ಯಾರೂ ಇಲ್ಲವೆಂದು ಅವರಿಗೆ ಗೊತ್ತಿತ್ತು. ರಸ್ತೆಯಲ್ಲಿ ಕಂಪನಿ ಬಸ್ಸು ಹಾರ್ನ್ ಹೊಡೆಯಿತು, ಈ ಸಲ ನಿಜವಾದದ್ದೇ. ನಾನು ಬೂಟು ಬಿಚ್ಚಿ ಒಳಗೆ ಹೋಗಿ ಅಜ್ಜಿಯ ಚಾಪೆಯ ಮೇಲೆ ಕೂತೆ. ಅವರು ಸಿನಿಮಾ ಹಾಕಿ, ಹಿಂದಿನ ಮಣೆಯೊಂದರ ಮೇಲೆ ಕೂತರು.

ಸ್ವಲ್ಪ ಹೊತ್ತಿನ ಮೇಲೆ ನಾನು ಅವರಿಗೆ ಅಡ್ಡವಾಗಿದ್ದೇನೆಂದು ಹೊಳೆದು ಪಕ್ಕಕ್ಕೆ ಸರಿದೆ.

"ಯಾಕ್ಲಾ ಮಗಾ ಸರೀತೀಯ?"

"ನಿಂಗೆ ಕಾಣಾಕಿಲ್ಲ ಚಿಕ್ಕಪ್ಪ."

"ಕಾಣ್ದಿದ್ರೆ ಬುಡು. ದಿನಾ ಪೂರ್ತಿ ಕಾಣ್ತದೆ, ಅದೇ ಬೇಜಾರು. ಮುಂದೆ ಒಂದ್ ತಲೆ ಇರ್ಲಿ ಕಣ್ಲಾ."

ನನಗೆ ಅಳು ಬಂತು. ಹಿಂದಿರುಗಿ ನೋಡಲಿಲ್ಲ. ಮತ್ತೆ ಮಧ್ಯಕ್ಕೆ ಸರಿದು, ಬೆನ್ನು ನೆಟ್ಟಗೆ ಮಾಡಿ, ಎಷ್ಟಾಗುತ್ತದೋ ಅಷ್ಟು ಎತ್ತರವಾಗಿ ಕೂತೆ.