ಪ್ರಶ್ನೆ ಚಿಹ್ನೆಯ ಹಿಂದೆ ಅಡಗಿದವರು

ಇಡೀ ರಾದ್ಧಾಂತಕ್ಕೆ ಕಾರಣ ಒಂದು ಪ್ರಶ್ನೆ ಚಿಹ್ನೆ. ಅದನ್ನು ಹಾಕಿದವರು ನಮ್ಮ ಚಿತ್ರದವರು.

ಶುಭಾಶಯದ ಕಾರ್ಡು ಅಚ್ಚು ಹಾಕುವ ಸಣ್ಣ ಕಂಪನಿಯಲ್ಲಿ ಚಿತ್ರ ಬಿಡಿಸುವುದು ಅವರ ಕೆಲಸ. ಹುಟ್ಟುಹಬ್ಬ, ಮದುವೆ, ನಿವೃತ್ತಿ, ಸಾವು, ಯಾವುದಕ್ಕೆ ಕೇಳಿದರೂ ಸುತ್ತ ಹೂವಿನ ಅಂಚು ಹಾಕಿ ಕೊಡುತ್ತಾರೆ. ಆಸ್ಪತ್ರೆಯೊಂದು ರೋಗಿಗಳಿಗೆ ಹಂಚಲು ಕಾರ್ಡು ಕೇಳಿತ್ತು. ಇವರು ಬಿಡಿಸಿ, ಫೈಲಿಗೆ ‘ಈಗ ಹೇಗಿದ್ದೀರಿ?’ ಎಂದು ಹೆಸರಿಟ್ಟು, ಎಲ್ಲರೂ ಫೈಲು ಇಡುವ ಶೇರ್ಡ್ ಡ್ರೈವಿಗೆ ಹಾಕಿ ಮರೆತುಬಿಟ್ಟರು.

ತೊಂದರೆ ಏನೆಂದರೆ, ಚಿತ್ರದವರ ಕಂಪ್ಯೂಟರ್ ಒಂದು ಥರದ್ದು, ಉಳಿದವರದು ಇನ್ನೊಂದು ಥರದ್ದು. ಇವರದಕ್ಕೆ ಹೆಸರಿನಲ್ಲಿ ಪ್ರಶ್ನೆ ಚಿಹ್ನೆ, ನಕ್ಷತ್ರ ಚಿಹ್ನೆ ಏನಿದ್ದರೂ ನಡೆಯುತ್ತದೆ. ಉಳಿದವಕ್ಕೆ ಅವು ಕಂಡರಾಗದು. ಇಡೀ ಹೆಸರನ್ನೇ ತೆಗೆದುಹಾಕಿ, ಕೀಬೋರ್ಡಿನ ಮೇಲೆ ಬೆಕ್ಕು ನಡೆದುಹೋದ ಹಾಗೆ ಯಾವುದೋ ಅಕ್ಷರಗಳ ಮುದ್ದೆ ತೋರಿಸುತ್ತವೆ. ಅಂಥ ಮುದ್ದೆಗಳೆಲ್ಲ ವೈರಸ್ಸು, ತೆರೆದರೆ ಕಂಪ್ಯೂಟರ್ ಸುಟ್ಟುಹೋಗುತ್ತದೆ ಎಂದು ಲೆಕ್ಕಪತ್ರ ನೋಡುವ ಲೆಕ್ಕದಜ್ಜ ಮೊದಲಿಂದಲೂ ಸಾರಿದ್ದರು. ಹಾಗಾಗಿ ಆರ್ಡರ್ ನೋಡಿಕೊಳ್ಳುವ ಆರ್ಡರಕ್ಕ ಯಾವುದನ್ನೂ ತೆರೆಯದೆ, ಅಂದಾಜಿನ ಮೇಲೆ ಒಂದು ಮುದ್ದೆಯನ್ನು ಕೆಳಗಿನ ಅಚ್ಚುಮನೆಗೆ ಕಳಿಸಿದರು. ರೋಗಿಗಳು ಬೆಳಿಗ್ಗೆ ಎದ್ದು ಲಕೋಟೆ ಬಿಡಿಸಿದರೆ, ಒಳಗೆ ‘ಅಗಲಿದ ಜೀವಕ್ಕೆ ಶಾಂತಿ ಸಿಗಲಿ’ ಎಂದಿತ್ತು.

ಆಸ್ಪತ್ರೆಯವರಿಂದ ಬೈಸಿಕೊಂಡ ಒಡತಿ ಅಮ್ಮಾವ್ರು ಫೋನು ಇಟ್ಟವರೇ ಕಂಪ್ಯೂಟರ್ ರಿಪೇರಿಯವರನ್ನು ಕರೆಸಿದರು. ಸರಿಯಾದ ಕಾರ್ಡು ಸಂಜೆಯೊಳಗೆ ಆಸ್ಪತ್ರೆಗೆ ಹೋಗಬೇಕಿತ್ತು.

ಚಿತ್ರದವರು ಟೀ ಲೋಟ ಹಿಡಿದು ಒಳಗೆ ಬಂದಾಗ ರಿಪೇರಿಯವರು ಅವರ ಕುರ್ಚಿಯಲ್ಲೇ ಕೂತಿದ್ದರು.

“ರೋಗ ಇಲ್ಲಿಂದಲೇ ಶುರುವಾಗಿರೋದು, ಅದಕ್ಕೆ ಇಲ್ಲೇ ಕೂತೆ,” ಎಂದರು ರಿಪೇರಿಯವರು. “ಸುಲಭದ ಕೆಲಸ. ಆಗದ ಚಿಹ್ನೆ ಒಂದೊಂದಕ್ಕೂ ಬದಲಿಗೆ ಒಂದು ಆಗೋ ಚಿಹ್ನೆ ಗೊತ್ತು ಮಾಡಿಬಿಡ್ತೀನಿ. ಪ್ರಶ್ನೆ ಚಿಹ್ನೆ ಇದ್ದ ಕಡೆ ಆ ಕಂಪ್ಯೂಟರ್‌ಗಳಲ್ಲಿ ತಲೆಕೆಳಗಾದ ಪ್ರಶ್ನೆ ಚಿಹ್ನೆ ಕಾಣುತ್ತೆ. ಮಿಕ್ಕ ಹೆಸರು ಇದ್ದ ಹಾಗೇ ಇರುತ್ತೆ. ಎಲ್ಲರೂ ಓದ್ಬಹುದು.”

“ಹೊಸ ಫೈಲುಗಳು ಮಾತ್ರ ತಾನೇ?”

“ಹಳೇವೂ. ಒಂದೂ ಬಿಡದ ಹಾಗೆ.”

ಚಿತ್ರದವರಿಗೆ ಟೀ ನೆತ್ತಿಗೇರಿತು. ಲೆಕ್ಕದಜ್ಜ ಓಡಿಬಂದು ಬೆನ್ನಿಗೆ ಗುದ್ದಿದರು.

ಕೆಮ್ಮಿಗೆ ಕಾರಣ ಅಜ್ಜನಿಗೆ ಗೊತ್ತಿರಲಿಲ್ಲ. ಬಿಡುವಿದ್ದಾಗಲೆಲ್ಲ ಚಿತ್ರದವರು ಯಾರೂ ಯಾರಿಗೂ ಕಳಿಸಲಾಗದಂಥ ಕಾರ್ಡುಗಳನ್ನು ಬಿಡಿಸುತ್ತಿದ್ದರು. ಒಂದರಲ್ಲಿ ಅಮ್ಮಾವ್ರು ಪೆನ್ಸಿಲ್ ತುಂಡುಗಳನ್ನು ಬೀಗ ಹಾಕಿ ಇಡುತ್ತಿದ್ದರು, ಅವರ ಮೂಗು ಕಾರ್ಡಿನ ಅಂಚು ದಾಟಿ ಹಿಂಬದಿಗೆ ಹೋಗಿತ್ತು. ಇನ್ನೊಂದರಲ್ಲಿ ಲೆಕ್ಕದಜ್ಜ ಕೂತಲ್ಲೇ ಗೊರಕೆ ಹೊಡೆದು ಪದಕ ಗೆದ್ದಿದ್ದರು. ಆರ್ಡರಕ್ಕನ ಕಿವಿಗೆ ಫೋನು ಬೇರುಬಿಟ್ಟಿತ್ತು. ಇವನ್ನೆಲ್ಲ ಅವರು ‘ಅಮ್ಮಾವ್ರ ಕೈ ಸಡಿಲ ಆಗೋದು ಯಾವಾಗ?’ ಎಂಬಂಥ ಹೆಸರಿಟ್ಟು ಅದೇ ಶೇರ್ಡ್ ಡ್ರೈವಿನಲ್ಲಿ ರಾಜಾರೋಷವಾಗಿ ಇಟ್ಟಿದ್ದರು. ಕೊನೆಯಲ್ಲೊಂದು ಪ್ರಶ್ನೆ ಚಿಹ್ನೆ ಇದ್ದರೆ ಸಾಕು, ಉಳಿದವರ ಪಾಲಿಗೆ ಅದು ಮುದ್ದೆ. ಮುದ್ದೆಯೆಂದರೆ ವೈರಸ್ಸು. ಇದಕ್ಕಿಂತ ಭದ್ರವಾದ ಬೀಗ ಅವರಿಗೆ ಬೇರೆ ಗೊತ್ತಿರಲಿಲ್ಲ. ಇವತ್ತು ಆ ಬೀಗ ಕಳಚಿದರೆ ಕೆಲಸ ಹೋದ ಹಾಗೇ. ಈ ವಯಸ್ಸಿನಲ್ಲಿ ಹೂವಿನ ಅಂಚು ಬಿಡಿಸುವವನಿಗೆ ಇನ್ನೊಬ್ಬರು ಕೆಲಸ ಕೊಡುತ್ತಾರೆಯೇ?

ಅಳಿಸಿಬಿಡೋಣವೆಂದರೆ ತಮ್ಮ ಕಂಪ್ಯೂಟರಿನ ಮುಂದೆ ರಿಪೇರಿಯವರು ಬಂಡೆಯಂತೆ ಕೂತಿದ್ದಾರೆ. ಆರ್ಡರಕ್ಕ ಕೈ ತೊಳೆಯಲು ಎದ್ದುಹೋದಾಗ ಚಿತ್ರದವರು ಮೆಲ್ಲಗೆ ಅವರ ಜಾಗಕ್ಕೆ ಹೋಗಿ ನೋಡಿದರು. ಎಲ್ಲಾ ಮುದ್ದೆಗಳೇ. ಯಾವುದು ಅಜ್ಜನ ಗೊರಕೆ, ಯಾವುದು ಗಿರಾಕಿಯ ಮದುವೆ, ದೇವರೇ ಬಲ್ಲ. ಕಣ್ಣುಮುಚ್ಚಿ ಒಂದನ್ನು ತೆರೆದು ನೋಡೋಣವೆಂದು ಬೆರಳಿಡುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

“ಮುಟ್ಬೇಡಪ್ಪಾ, ಮುಟ್ಬೇಡ,” ಎಂದರು ಲೆಕ್ಕದಜ್ಜ. ಅವರ ಕೈಯಲ್ಲಿ ಒದ್ದೆ ಬಟ್ಟೆ. “ಅದು ವೈರಸ್ಸು. ಮೌಸ್ ಮುಟ್ಟಿದ್ಯಾ? ಹೋಗು, ಕೈ ತೊಳ್ಕೊ.”

ಅಜ್ಜ ಮೌಸನ್ನು ತಿಕ್ಕಿ ತಿಕ್ಕಿ ಒರೆಸಿದರು. ವಾಪಸ್ಸು ಬಂದ ಆರ್ಡರಕ್ಕ, “ಅಣ್ಣಾ, ನಿಮಗ್ಯಾಕೆ ನನ್ನ ಕಂಪ್ಯೂಟರ್ ಉಸಾಬರಿ?” ಎಂದು ಕೇಳಿದಾಗ ಚಿತ್ರದವರು ಹಲ್ಲುಕಿರಿದು ಜಾಗ ಖಾಲಿ ಮಾಡಿದರು.

ಇನ್ನು ಉಳಿದದ್ದು ಮೆಟ್ಟಿಲ ಪಕ್ಕದ ಮೇನ್ ಸ್ವಿಚ್ಚು. ಅತ್ತಿತ್ತ ನೋಡಿ ಅದನ್ನು ಕೆಳಗೆ ಎಳೆದರು. ಕಚೇರಿಯೆಲ್ಲ ಕತ್ತಲಾಯಿತು. ಏನೂ ಅರಿಯದವರಂತೆ ಒಳಗೆ ಬಂದು, “ಅಯ್ಯೋ, ಕರೆಂಟ್ ಹೋಯ್ತಲ್ಲ. ಇನ್ನು ಇವತ್ತು ಕೆಲಸ ಆಗಲ್ಲ ಅನ್ನಿ,” ಎಂದರು.

“ಹೋಗಿದ್ದೇ ಒಳ್ಳೇದಾಯ್ತು,” ಎಂದರು ರಿಪೇರಿಯವರು ಖುಷಿಯಿಂದ. “ಹೇಗೂ ಎಲ್ಲಾನೂ ಒಂದು ಸಲ ಆಫ್ ಮಾಡಿ ಆನ್ ಮಾಡ್ಬೇಕಿತ್ತು. ಅರ್ಧ ಕೆಲಸ ತಾನಾಗೇ ಆಯ್ತು. ಅಜ್ಜಾ, ಮೇನ್ ಸ್ವಿಚ್ ಬಿದ್ದಿರ್ಬೇಕು, ಮೇಲೆ ಎತ್ತಿ.”

ಚಿತ್ರದವರಿಗೆ ತಮ್ಮ ಕೈಯನ್ನೇ ಕಚ್ಚಿಕೊಳ್ಳಬೇಕೆನ್ನಿಸಿತು. ಬೇರೆ ದಾರಿ ಕಾಣದೆ ನೇರ ಅಮ್ಮಾವ್ರ ಕೋಣೆಗೆ ನುಗ್ಗಿದರು.

“ಅಮ್ಮಾವ್ರೇ, ಈ ಬದಲಾವಣೆ ನಮಗೆ ಬೇಡ. ಹಳೇ ಫೈಲೆಲ್ಲ ಹೆಸರು ಬದಲಾದ್ರೆ ಗಿರಾಕಿಗಳು ಮತ್ತೆ ಬಂದಾಗ ಏನೂ ಸಿಗಲ್ಲ.”

ಈ ಮಾತಿನಲ್ಲಿ ತಲೆಬುಡ ಇಲ್ಲವೆಂದು ಅವರಿಗೇ ಗೊತ್ತಿತ್ತು. ಬೈಗುಳಕ್ಕೆ ಸಿದ್ಧರಾಗಿ ನಿಂತರು. ಅಮ್ಮಾವ್ರು ಕನ್ನಡಕ ತೆಗೆದರು.

“ಹಳೇವೂ ಕಾಣುತ್ತಾ? ಎಲ್ಲರಿಗೂ?”

“ಎಲ್ಲರಿಗೂ ಅಮ್ಮಾವ್ರೇ.”

“ಹಾಗಾದ್ರೆ ಬೇಡ. ನಿಲ್ಲಿಸೋಕೆ ಹೇಳಿ. ಇನ್ಮುಂದೆ ಹೆಸರಲ್ಲಿ ಚಿಹ್ನೆಗಿಹ್ನೆ ಹಾಕ್ಬೇಡಿ, ಅಷ್ಟೇ.”

ಹೂವೆತ್ತಿದಷ್ಟು ಸುಲಭವಾಗಿ ಕೆಲಸ ಆಗಿಹೋಯಿತು. ಚಿತ್ರದವರು ಗಾಳಿಯಲ್ಲಿ ತೇಲುತ್ತಾ ಹೊರಗೆ ಬಂದರು. ರಿಪೇರಿಯವರು ಗೊಣಗುತ್ತಾ ಚೀಲ ಕಟ್ಟಿಕೊಳ್ಳತೊಡಗಿದರು.

“ಅಣ್ಣಾ, ಆಸ್ಪತ್ರೆ ಕಾರ್ಡು ಯಾವುದು ಅಂತ ಈಗಲಾದ್ರೂ ಹೇಳಿ, ಕಳಿಸ್ತೀನಿ,” ಎಂದು ಆರ್ಡರಕ್ಕ ಕೂಗಿದರು.

ಚಿತ್ರದವರು ತಮ್ಮ ಕುರ್ಚಿಯಲ್ಲಿ ಕೂತು ಪಟ್ಟಿ ನೋಡಿದರು. “ತಾರೀಖಿನ ಪ್ರಕಾರ ಇಟ್ಕೊಳ್ಳಿ ಅಕ್ಕಾ. ಮೇಲಿಂದ ನಾಲ್ಕನೇದು.”

ಮೇಲಿನ ಮೂರೂ ಅವರ ಗುಟ್ಟಿನ ಕಾರ್ಡುಗಳೇ. ಇನ್ನು ಈ ಸಹವಾಸವೇ ಬೇಡವೆಂದು ಅವನ್ನೂ, ಕೆಳಗೆ ಚದುರಿದ್ದ ಉಳಿದವನ್ನೂ ಅಲ್ಲೇ ಹುಡುಕಿ ಹುಡುಕಿ ಅಳಿಸಿದರು. ನಡುವೆ ‘ಬೀಳ್ಕೊಡುಗೆ?’ ಎಂಬ ಫೈಲೊಂದು ಕಂಡಿತು. ಪ್ರಶ್ನೆ ಚಿಹ್ನೆ ಇದ್ದದ್ದರಿಂದ ತಾವೇ ಯಾರದೋ ನಿವೃತ್ತಿಗೆ ಮಾಡಿ ಮರೆತಿರಬೇಕೆಂದು ಎಂದಿನಂತೆ ಅದನ್ನು ಬಿಟ್ಟರು. ಆಮೇಲೆ ಸೋಮವಾರದ ರೂಢಿಯಂತೆ ಕುರ್ಚಿಯನ್ನು ಎತ್ತರಿಸಿಕೊಂಡರು. ಪ್ರತಿ ಸೋಮವಾರ ಅದು ಕುಸಿದಿರುತ್ತಿತ್ತು. ಕುರ್ಚಿಗೂ ವಯಸ್ಸಾಯಿತೆಂದು ಅವರು ಸುಮ್ಮನಿದ್ದರು. ಬೆಳಿಗ್ಗೆಯಿಂದ ಮೊದಲ ಸಲ ಉಸಿರು ಎದೆಯ ತಳದವರೆಗೆ ಇಳಿಯಿತು.

ಆರ್ಡರಕ್ಕ ಒಂದು ಫೋನು ಮುಗಿಸಿ, ಇನ್ನೊಂದು ಫೋನು ಮುಗಿಸಿ, ನಿಧಾನವಾಗಿ ಮೇಲಿಂದ ಎಣಿಸಿ ನಾಲ್ಕನೆಯ ಮುದ್ದೆಯನ್ನು ಅಚ್ಚಿಗೆ ಕಳಿಸಿದರು.

ಸಂಜೆಯ ಹೊತ್ತಿಗೆ ಲೆಕ್ಕದಜ್ಜ ಮೊದಲ ಕಟ್ಟು ಹೊತ್ತು ಮೇಲೆ ಬಂದರು. ಅಮ್ಮಾವ್ರೂ ನೋಡಲು ಹೊರಗೆ ಬಂದರು. ಅಜ್ಜ ಒಂದನ್ನು ತೆಗೆದು ಎಲ್ಲರಿಗೂ ಕೇಳುವಂತೆ ಓದಿದರು: “ಇಷ್ಟು ವರ್ಷದ ನಿಮ್ಮ ಸೇವೆಗೆ ವಂದನೆ. ಇನ್ನು ಹೋಗಿ ಬನ್ನಿ.” ಓದಿ ತಲೆದೂಗಿದರು. “ರೋಗಿಗಳಿಗೆ ಮೊದಲನೇದಕ್ಕಿಂತ ಇದು ಎಷ್ಟೋ ವಾಸಿ. ಮರ್ಯಾದೆಯಾಗಿ ಕಳಿಸಿದ ಹಾಗಿದೆ.”

ಚಿತ್ರದವರು ಕಾರ್ಡು ಕಸಿದುಕೊಂಡರು. ಖಾಲಿ ಕುರ್ಚಿಯೊಂದರ ಚಿತ್ರ. ಕುರ್ಚಿಗೆ ಮೂರೇ ಕಾಲು. ಇದು ತಮ್ಮ ಕೈಯದಲ್ಲವೆಂದು ನೋಡಿದ ಕೂಡಲೇ ಗೊತ್ತಾಯಿತು. ತಾವು ಮೇಲಿನ ಮೂರನ್ನು ಅಳಿಸಿದ್ದರಿಂದ ಆ ‘ಬೀಳ್ಕೊಡುಗೆ?’ ಫೈಲೇ ನಾಲ್ಕನೆಯದಾಗಿತ್ತು. ಕೆಳಗೆ ಸಣ್ಣಗೆ ‘ನಮ್ಮ ಚಿತ್ರದವರಿಗೆ’ ಎಂದಿತ್ತು. ಕಟ್ಟಿನಲ್ಲಿದ್ದವೆಲ್ಲ ಅವರಿಗೇ ಬರೆದಿದ್ದವು.

ಆರ್ಡರಕ್ಕನ ಫೋನು ರಿಂಗಾಗಿ ರಿಂಗಾಗಿ ನಿಂತಿತು.

“ಭಾನುವಾರ ಬಂದು ನಿಮ್ಮ ಕಂಪ್ಯೂಟರಲ್ಲಿ ಚಿತ್ರ ಬಿಡಿಸೋದು ಕಲೀತಿದ್ದೆ,” ಎಂದರು ಅಮ್ಮಾವ್ರು ಕೊನೆಗೆ. “ಕುರ್ಚಿ ತಗ್ಗಿಸ್ಕೊಂಡು ಕೂತ್ರೆ ಮೊದಲನೇ ದಿನ ಕಂಡಿದ್ದೇ ನನ್ನ ಮೂಗು.”

ಆ ಕಂಪ್ಯೂಟರಿನಲ್ಲಿ ಯಾವ ಹೆಸರೂ ಮುದ್ದೆಯಾಗುವುದಿಲ್ಲ ಎಂಬುದು ಚಿತ್ರದವರಿಗೆ ಆಗ ಹೊಳೆಯಿತು. ಬೀಗವೇನೋ ಭದ್ರವಾಗಿತ್ತು. ಮನೆಯೊಡತಿಯನ್ನು ಒಳಗೇ ಬಿಟ್ಟು ಹೊರಗಿನಿಂದ ಹಾಕಿದ್ದರು.

“ಮೂಗು ಅಷ್ಟು ಉದ್ದ ಇಲ್ಲ ಅಮ್ಮಾವ್ರೇ,” ಎಂದರು ಚಿತ್ರದವರು.

“ಗೊತ್ತು. ಆ ಸಿಟ್ಟಿಗೇ ಈ ಕಾರ್ಡು ಮಾಡಿದ್ದು. ಆಮೇಲೆ ಅಜ್ಜನ ಗೊರಕೆದು ನೋಡಿ ನಗು ತಡೆಯೋಕಾಗಲಿಲ್ಲ. ಅದಕ್ಕೇ ‘ಬೀಳ್ಕೊಡುಗೆ’ ಅನ್ನೋ ಹೆಸರಿನ ಕೊನೆಗೆ ನಿಮ್ಮ ಹಾಗೇ ಒಂದು ಪ್ರಶ್ನೆ ಚಿಹ್ನೆ ಹಾಕಿಟ್ಟೆ. ಕಳಿಸೋದೋ ಬಿಡೋದೋ ಇನ್ನೂ ತೀರ್ಮಾನ ಮಾಡಿಲ್ಲ.”

“ಯಾವ ಗೊರಕೆ?” ಎಂದರು ಲೆಕ್ಕದಜ್ಜ.

“ಹಾಗಾದ್ರೆ ನಾನು…” ಎಂದರು ಚಿತ್ರದವರು.

“ಸದ್ಯಕ್ಕೆ ಇರಿ. ಆಸ್ಪತ್ರೆ ಕಾರ್ಡು ಅಚ್ಚಾಗೋವರೆಗೂ ಮನೆಗೆ ಹೋಗ್ಬೇಡಿ.”

ಚಿತ್ರದವರಿಗೆ ಕಣ್ಣಂಚು ಒದ್ದೆಯಾಯಿತು. ಕೆಲಸ ಉಳಿದಿತ್ತು. ಅವಮಾನವೂ ಆಗಿತ್ತು ನಿಜ, ಆದರೆ ಆ ಗಳಿಗೆಯಲ್ಲಿ ಅದು ಅವರ ಲೆಕ್ಕಕ್ಕೇ ಬರಲಿಲ್ಲ.

ಬಂದದ್ದಕ್ಕೆ ದುಡ್ಡು ಕೈಗೆ ಸಿಗುವವರೆಗೆ ಕಾದಿದ್ದು ಆಗಷ್ಟೇ ಮೆಟ್ಟಿಲಿಳಿಯುತ್ತಿದ್ದ ರಿಪೇರಿಯವರನ್ನು ಅಮ್ಮಾವ್ರು ಕೂಗಿ ಕರೆದರು. “ಬನ್ನಿ ಇಲ್ಲಿ. ಇನ್ನು ಮುಚ್ಚಿಡೋಕೆ ಏನೂ ಉಳಿದಿಲ್ಲ. ಆ ಚಿಹ್ನೆ ಕೆಲಸ ಮುಗಿಸಿಬಿಡಿ.”

ರಿಪೇರಿಯವರು ಮತ್ತೆ ಚೀಲ ಬಿಚ್ಚಿದರು. “ಸರಿ. ಪ್ರಶ್ನೆ ಚಿಹ್ನೆ ಬದಲಿಗೆ ಏನು ಕಾಣಿಸಲಿ? ಬೆಳಿಗ್ಗೆ ಹೇಳಿದ ತಲೆಕೆಳಗಾದ ಪ್ರಶ್ನೆನೇ ಇರಲಾ?”

“ಅದೆಲ್ಲ ಯಾಕೆ ಗೋಜಲು,” ಎಂದರು ಲೆಕ್ಕದಜ್ಜ. “ನೀಟಾಗಿ ಒಂದು ಪೂರ್ಣವಿರಾಮ ಹಾಕಿಬಿಡಿ. ಬೀಳ್ಕೊಡುಗೆ, ಪೂರ್ಣವಿರಾಮ. ಓದೋಕೂ ಸರಿಯಾಗಿರುತ್ತೆ.”

“ಬೇಡ,” ಎಂದು ಚಿತ್ರದವರು ಕಿರುಚಿದ ದನಿ ಕೆಳಗಿನ ಅಚ್ಚುಮನೆಗೂ ಕೇಳಿಸಿತು. ಅವರು ರಿಪೇರಿಯವರ ಕೈಯನ್ನೇ ಹಿಡಿದುಕೊಂಡಿದ್ದರು. “ತಲೆಕೆಳಗಾದ್ರೂ ಪರವಾಗಿಲ್ಲ. ಪ್ರಶ್ನೆ ಪ್ರಶ್ನೆಯಾಗೇ ಇರ್ಲಿ.”

ಅಮ್ಮಾವ್ರು ಕನ್ನಡಕ ಹಾಕಿಕೊಂಡು ತಮ್ಮ ಕೋಣೆಗೆ ಹೋದರು. ಚಿತ್ರದವರು ಆಸ್ಪತ್ರೆ ಕಾರ್ಡಿನ ಹೂವಿನ ಅಂಚು ಸರಿಮಾಡಲು ಕೂತರು.