ಎರಡೂವರೆ ಗಂಟೆಯ ಎದೆಬಡಿತ

ಪುಕ್ಕಲರಲ್ಲಿ ಎರಡು ಬಗೆ. ಹೆದರಿಕೆಯನ್ನು ನಾಲ್ಕು ಜನರ ಮುಂದೆ ಹೇಳಿಕೊಂಡು ಹಗುರಾಗುವವರು ಒಂದು ಬಗೆ. ಹೊರಗೆ ಮೀಸೆ ತಿರುವುತ್ತ ಒಳಗೆ ನಡುಗುವವರು ಇನ್ನೊಂದು ಬಗೆ. ನಾನು ಎರಡನೆಯವರ ಪೈಕಿ. ಮೀಸೆ ಕೊಂಚ ದಪ್ಪಗೇ ಇರುವುದರಿಂದ ಮಧುಗಿರಿಯ ನಮ್ಮ ಕಚೇರಿಯಲ್ಲಿ ನಾನು ಭಾರಿ ಧೈರ್ಯವಂತನೆಂದು ಎಲ್ಲರೂ ನಂಬಿದ್ದಾರೆ. ರೆಕಾರ್ಡ್ ರೂಮಿಗೆ ಹಾವು ನುಗ್ಗಿದರೆ ನನ್ನನ್ನೇ ಕರೆಯುತ್ತಾರೆ. ನಾನು ಕೋಲು ಹಿಡಿದು ಬಾಗಿಲಲ್ಲಿ ನಿಂತು "ಯಾರೂ ಹತ್ತಿರ ಬರಬೇಡಿ" ಎಂದು ಗದರುತ್ತೇನೆ. ಆ ಮಾತನ್ನು ನಾನು ಮುಖ್ಯವಾಗಿ ಹೇಳುತ್ತಿರುವುದು ಹಾವಿಗೆ ಎಂಬುದು ನನಗೆ ಮಾತ್ರ ಗೊತ್ತು. ಹಲ್ಲಿ, ಇಂಜೆಕ್ಷನ್ನು, ಮೇಲಧಿಕಾರಿಯ ಫೋನು, ರಿಜಿಸ್ಟರ್ಡ್ ಅಂಚೆ ಎಲ್ಲಕ್ಕೂ ನಾನು ಹೆದರುತ್ತೇನೆ. ಆದರೆ ಈ ವರ್ಷ ಅವನ್ನೆಲ್ಲ ಮೂಲೆಗೆ ತಳ್ಳಿ ಒಂದು ದೊಡ್ಡ ಭಯ ಬಂದು ಕೂತಿತು. ನನಗೆ ಐವತ್ತಮೂರು ವರ್ಷವಾಯಿತು. ನಮ್ಮಪ್ಪ ಹೋದದ್ದು ಐವತ್ತಮೂರರಲ್ಲಿ. ಕಾಯಿಲೆ ಕಸಾಲೆ ಏನೂ ಇರಲಿಲ್ಲ. ಚನ್ನರಾಯನದುರ್ಗದ ನಮ್ಮ ಮನೆಯಲ್ಲಿ ಮುದ್ದೆ ಉಂಡು, ಎಲೆಅಡಿಕೆ ಹಾಕಿಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ. ನೋಡಲು ಬಂದ ಡಾಕ್ಟರು "ಎರಡೂವರೆ, ಮೂರರ ಹೊತ್ತಿಗೇ ಹೋಗಿರಬೇಕು" ಎಂದಿದ್ದರು. ಹಿರಿಮಗ ಅಪ್ಪನ ವಯಸ್ಸು ದಾಟುವ ವರ್ಷ ಅವನಿಗೆ ಗಂಡಾಂತರ ಎಂದು ನಮ್ಮ ಮನೆಯ ಹಿರಿಯರು ಹೇಳುತ್ತಾರೆ. ಇಂಥದ್ದನ್ನೆಲ್ಲ ನಾನು ನಂಬುವವನಲ್ಲ. ಸೂರ್ಯ ಮುಳುಗುವವರೆಗೂ ನಂಬುವುದಿಲ್ಲ.

ಈ ಭಯಕ್ಕೆ ಮದ್ದು ತಂದವನು ನನ್ನ ಬಾಮೈದ ಹನುಮಂತರಾಯ. ಪಾವಗಡ ತಾಲ್ಲೂಕಿನ ವಳ್ಳೂರಿನವನು. ಹೊಲವನ್ನೆಲ್ಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟ ಮೇಲೆ ಅವನಿಗೆ ಬೆಳಿಗ್ಗೆ ಎದ್ದು ಹೋಗಲು ಹೊಲವಿಲ್ಲದಂತಾಗಿ, ಹೊಟ್ಟೆ ಮುಂದಕ್ಕೆ ಬಂತು. ಡಾಕ್ಟರು ದಿನಾ ನಡೆಯಲು ಹೇಳಿದರು. ವರ್ಷಗಟ್ಟಲೆ ನೇಗಿಲ ಹಿಂದೆ ಬರಿಗಾಲಲ್ಲಿ ನಡೆದ ಮನುಷ್ಯ ಈಗ ಬಿಳಿ ಬೂಟು ಹಾಕಿಕೊಂಡು, ತನ್ನದೇ ಹೊಲದ ಬೇಲಿಯ ಹೊರಗೆ, ಸಾಲುಸಾಲು ಫಲಕಗಳನ್ನು ನೋಡುತ್ತ ಬೆಳಿಗ್ಗೆ ಸಂಜೆ ಸುತ್ತು ಹಾಕುತ್ತಾನೆ. ಎಷ್ಟು ಹೆಜ್ಜೆಯಾಯಿತು ಎಂದು ತಿಳಿಯಲು ಕೈಗೆ ಒಂದು ಬ್ಯಾಂಡು ಕಟ್ಟಿಕೊಂಡಿದ್ದಾನೆ. ಐದು ತಿಂಗಳ ಹಿಂದೆ ಮನೆಗೆ ಬಂದವನು ಅಂಥದ್ದೇ ಒಂದನ್ನು ನನಗೂ ತಂದ. "ಭಾವಾ, ಇದು ಕೈಗಿದ್ರೆ ಡಾಕ್ಟ್ರು ಮನೇಲೇ ಇದ್ದಂಗೆ. ಎಷ್ಟು ನಡೆದ್ರಿ, ಎಷ್ಟೊತ್ತು ಮಲಗಿದ್ರಿ, ಗುಂಡೆ ಎಂಗೆ ಬಡ್ಕಂತದೆ, ಅನ್ನೀ ಚೆಪ್ಪುತಾದಿ!" ಎಂದ. ಉತ್ಸಾಹ ಬಂದರೆ ಅವನ ಬಾಯಲ್ಲಿ ತೆಲುಗು ತಾನಾಗಿ ಬರುತ್ತದೆ. ಎಲ್ಲ ಹೇಳುತ್ತದೆ, ಎದೆ ಬಡಿದುಕೊಳ್ಳುವುದನ್ನೂ ಹೇಳುತ್ತದೆ ಎಂಬ ಮಾತು ನನ್ನ ಮನಸ್ಸಿಗೆ ಹಿಡಿಸಿತು. ರಾತ್ರಿಯೆಲ್ಲ ನನ್ನನ್ನು ಕಾಯಲು ಒಬ್ಬರು ಸಿಕ್ಕಂತಾಯಿತೆಂದು ಆಗಲೇ ಕಟ್ಟಿಕೊಂಡೆ.

ಹಗಲಿನ ಪಾಡು ಮೊದಲು ಹೇಳಿಬಿಡುತ್ತೇನೆ. ಕಚೇರಿಯಲ್ಲಿ ನಾನು ಟಪಾಲು ವಿಭಾಗದವನು. ಬಂದ ಕಾಗದಕ್ಕೆ ನಂಬರು ಹಾಕಿ, ಆಯಾ ಮೇಜಿಗೆ ಕಳಿಸುವುದು ನನ್ನ ಕೆಲಸ. ಕಳಿಸುವುದು ಎಂದರೆ ಬುಟ್ಟಿಯಲ್ಲಿ ಹಾಕಿ ಅವು ಹೋಗುವವರೆಗೆ ಕಾಯುವುದು. ಬ್ಯಾಂಡು ಬಂದ ಮೇಲೆ, ದಿನದ ಹೆಜ್ಜೆ ಕಡಿಮೆ ಬೀಳುತ್ತಿದೆಯೆಂದು, ಒಂದೊಂದೇ ಕಾಗದ ಹಿಡಿದು ನಾನೇ ಮೇಜಿನಿಂದ ಮೇಜಿಗೆ ನಡೆದೆ. ಬೆಳಿಗ್ಗೆ ಬಂದ ಅರ್ಜಿ ಮಧ್ಯಾಹ್ನದೊಳಗೆ ಸಂಬಂಧಪಟ್ಟವರ ಕೈ ಸೇರತೊಡಗಿತು. ಇದನ್ನು ಕಂಡು ಕಚೇರಿ ನಡುಗಿಹೋಯಿತು. ಯಾರೋ ಮೇಲಿನವರು ತಪಾಸಣೆಗೆ ಬರುತ್ತಿರಬೇಕು, ಇವನಿಗೆ ಮೊದಲೇ ಸುಳಿವು ಸಿಕ್ಕಿದೆ ಎಂದು ಎಲ್ಲರೂ ಹಳೆಯ ಫೈಲುಗಳ ದೂಳು ಕೊಡವಲು ಕೂತರು. ಮ್ಯಾನೇಜರು ನನ್ನನ್ನು ಪಕ್ಕಕ್ಕೆ ಕರೆದು "ಏನ್ರೀ ಸಮಾಚಾರ? ನನಗಾದ್ರೂ ಹೇಳಿ" ಎಂದು ಕೇಳಿದರು. ಅಪ್ಪನ ವಯಸ್ಸು ಬಂದಿದೆ ಸಾರ್ ಎಂದು ಹೇಗೆ ಹೇಳಲಿ? ಮೀಸೆ ಮುಟ್ಟಿಕೊಂಡು ಮುಂದಿನ ಕಾಗದ ಎತ್ತಿಕೊಂಡೆ. ಅವರು ಇನ್ನೂ ಹೆದರಿದರು.

ಇನ್ನೊಂದು ದಿನ ನಮ್ಮ ಬೀದಿಯ ಹಿರಿಯರೊಬ್ಬರು ತೀರಿಕೊಂಡರು. ಚಟ್ಟದ ಹಿಂದೆ ನಾನೂ ನಡೆದೆ. ಮಣ್ಣು ಹಾಕಲು ಬಗ್ಗಿದ್ದೇನೆ, ಬ್ಯಾಂಡು ಕೈಯಲ್ಲಿ ಗುರ್ ಎಂದು ಅದುರಿತು. ನೋಡಿದರೆ ಅದರ ಮೇಲೆ ಪಟಾಕಿ ಹಾರುವ ಚಿತ್ರ. ಇವತ್ತಿನ ಗುರಿ ಮುಟ್ಟಿದ್ದೀರಿ, ಅಭಿನಂದನೆಗಳು ಎಂದು ಹೊಗಳುತ್ತಿತ್ತು. ನನ್ನ ಕೈಯಲ್ಲಿದ್ದ ಮಣ್ಣು ಗುಂಡಿಯ ಹೊರಗೇ ಬಿತ್ತು. ಮನೆಗೆ ಬಂದು ಎರಡು ಸಲ ಸ್ನಾನ ಮಾಡಿದೆ.

ಆದರೆ ನಿಜವಾದ ಹೆದರಿಕೆ ಇದ್ದದ್ದು ನಿದ್ದೆಯ ಲೆಕ್ಕದಲ್ಲಿ. ಬೆಳಿಗ್ಗೆ ಎದ್ದು ಫೋನು ತೆಗೆದರೆ ರಾತ್ರಿಯ ನಿದ್ದೆಯೆಲ್ಲ ಅಲ್ಲಿ ಚಿತ್ರವಾಗಿ ಬಂದಿರುತ್ತದೆ. ಗಾಢ ನಿದ್ದೆಗೆ ಕಡುನೀಲಿ, ಅರೆನಿದ್ದೆಗೆ ತಿಳಿನೀಲಿ, ಎಚ್ಚರಕ್ಕೆ ಕಿತ್ತಳೆ ಬಣ್ಣ. ಕೊನೆಗೆ ನೂರಕ್ಕೆ ಇಷ್ಟು ಎಂದು ಅಂಕ. ಮೊದಲ ಬೆಳಿಗ್ಗೆ ನೋಡಿದಾಗ ನೀಲಿಯ ನಡುವೆ ಒಂದು ಕಿತ್ತಳೆ ಗೆರೆ ಇತ್ತು. ಆ ಹೊತ್ತಿಗೆ ಎದೆಬಡಿತ ಸರ್ರನೆ ಮೇಲೇರಿತ್ತು. ಗಂಟೆ ನೋಡಿದೆ. ಎರಡೂವರೆ. ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಮಾರನೆಯ ದಿನವೂ ಎರಡೂವರೆಗೆ ಅದೇ ಗೆರೆ, ಅದರ ಮಾರನೆಯ ದಿನವೂ ಅದೇ. ನನಗೆ ಎಚ್ಚರವಾದ ನೆನಪೇ ಇಲ್ಲ. ಅಂದರೆ ಅಪ್ಪನಿಗೆ ಒಂದು ಸಲ ಬಂದದ್ದು ನನಗೆ ದಿನವೂ ಬಂದು ಬಾಗಿಲು ತಟ್ಟಿ ಹೋಗುತ್ತಿದೆ, ಒಂದು ದಿನ ಒಳಗೇ ಬಂದುಬಿಡುತ್ತದೆ ಎಂದು ನನಗೆ ಖಾತ್ರಿಯಾಯಿತು. ಯಾರಿಗೂ ಹೇಳಲಿಲ್ಲ. ಹೆಂಡತಿ ರತ್ನ ಮೊದಲೇ ಹೆದರುವ ಸ್ವಭಾವದವಳು, ಅವಳ ನೆಮ್ಮದಿ ಯಾಕೆ ಕೆಡಿಸಬೇಕು ಎಂದುಕೊಂಡೆ.

ಅವಳ ನೆಮ್ಮದಿಯನ್ನು ಕಂಡರೆ ನನಗೆ ಹೊಟ್ಟೆಯುರಿಯೂ ಇತ್ತು. ಅವರೆಕಾಯಿ ಸುಲಿಯುತ್ತ ಸುಲಿಯುತ್ತ ತೂಕಡಿಸುತ್ತಿದ್ದಳು. ಕೊರಟಗೆರೆಗೆ ಬಸ್ಸು ಹತ್ತಿದರೆ ಊರು ದಾಟುವುದರೊಳಗೆ ನನ್ನ ಹೆಗಲ ಮೇಲೆ ತಲೆ. "ಪುಣ್ಯವಂತೆ ಕಣೇ ನೀನು, ಕೂತಲ್ಲಿ ನಿದ್ದೆ ಬರುತ್ತೆ" ಎಂದು ಛೇಡಿಸುತ್ತಿದ್ದೆ. ಅವಳು "ಊಂ" ಎಂದು ಮತ್ತೆ ಕಣ್ಣು ಮುಚ್ಚುತ್ತಿದ್ದಳು. ನಾನಿಲ್ಲದಾಗ ಪರದಾಡಬಾರದಲ್ಲ ಎಂದು ಅವಳಿಗೆ ನೀರಿನ ಮೋಟರು ಹಾಕುವುದು, ಗ್ಯಾಸು ಬುಕ್ ಮಾಡುವುದು, ನನ್ನ ಫೋನಿನ ಗುಟ್ಟಿನ ನಂಬರು ಎಲ್ಲವನ್ನೂ ಒಂದೊಂದಾಗಿ ಕಲಿಸತೊಡಗಿದೆ. "ಏನ್ರೀ ಇದು? ನಿಮಗೆಲ್ಲಿಗಾದ್ರೂ ವರ್ಗ ಆಯ್ತಾ?" ಎಂದು ಕೇಳಿದಳು. "ಇನ್ನೂ ಆದೇಶ ಬಂದಿಲ್ಲ" ಎಂದೆ.

ನಡುವೆ ಎರಡು ದಿನ ಕಚೇರಿಯ ತರಬೇತಿಗೆಂದು ಶಿರಾಕ್ಕೆ ಹೋಗಿ ಲಾಡ್ಜಿನಲ್ಲಿ ಉಳಿದೆ. ಅಲ್ಲಿ ಎರಡು ರಾತ್ರಿಯೂ ಕಿತ್ತಳೆ ಗೆರೆ ಇಲ್ಲ! ನೂರಕ್ಕೆ ತೊಂಬತ್ತೊಂದು ಅಂಕ. ನಾನು ಓದುವ ಕಾಲದಲ್ಲೂ ಅಷ್ಟು ಬಂದಿರಲಿಲ್ಲ. ಮನೆಗೆ ಬಂದವನೇ ಖುಷಿಯಿಂದ ರತ್ನನ ಮುಂದೆ ಫೋನು ಹಿಡಿದೆ. "ಒಳ್ಳೇದಾಯ್ತು ಬುಡಿ" ಎಂದಳು. ಅವಳ ಕಣ್ಣು ಕೆಂಪಗಿದ್ದವು. ಈರುಳ್ಳಿ ಹೆಚ್ಚಿರಬೇಕು ಎಂದುಕೊಂಡೆ. ಆ ರಾತ್ರಿಯೇ ಎರಡೂವರೆಯ ಗೆರೆ ವಾಪಸು ಬಂತು, ಅದೂ ಹಿಂದೆಂದೂ ಇಲ್ಲದಷ್ಟು ದಪ್ಪವಾಗಿ. ಇನ್ನು ತಡೆಯಲಾರೆ ಎನ್ನಿಸಿತು. ಇಂಜೆಕ್ಷನ್ ಭಯಕ್ಕೆ ಒಬ್ಬನೇ ಹೋಗಲಾರದೆ, ಬೆನ್ನುನೋವು ಎಂದು ಸುಳ್ಳು ಹೇಳಿ ರತ್ನನನ್ನೂ ಕರೆದುಕೊಂಡು ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ವಯಸ್ಸಾದವರು, ನಿಧಾನದ ಮನುಷ್ಯ. ನನ್ನ ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆದು, ಉದ್ದನೆಯ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ಎದೆ ಚೆನ್ನಾಗಿಯೇ ಇದೆಯಲ್ರೀ" ಎಂದರು. ಬೆನ್ನುನೋವಿಗೆ ಎದೆ ಯಾಕೆ ನೋಡುತ್ತಾರೆ ಎಂದು ರತ್ನ ಕಣ್ಣು ಬಿಟ್ಟಳು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಫೋನು ತೆಗೆದು ನಾಲ್ಕು ತಿಂಗಳ ಕಿತ್ತಳೆ ಗೆರೆಗಳನ್ನೂ ತೋರಿಸಿದೆ. ಅಪ್ಪನ ವಿಷಯವನ್ನೂ ಹೇಳಿದೆ. ಹೇಳುವಾಗ ಮೀಸೆ ಕೆಲಸಕ್ಕೆ ಬರಲಿಲ್ಲ.

ಡಾಕ್ಟರು ಒಂದೊಂದೇ ದಿನವನ್ನು ಸರಿಸಿ ನೋಡಿದರು. "ದಿನಾ ಒಂದೇ ಹೊತ್ತಿಗೆ ಬರೋ ಎದೆ ಕಾಯಿಲೆಯನ್ನ ನಾನು ಕಂಡಿಲ್ಲಪ್ಪ. ನಮ್ಮೂರ ಬಸ್ಸೂ ಇಷ್ಟು ಸರಿಯಾಗಿ ಬರಲ್ಲ. ಈ ಎರಡು ದಿನ ಯಾಕೆ ಗೆರೆ ಇಲ್ಲ?"

"ಅವತ್ತು ಶಿರಾದಲ್ಲಿದ್ದೆ ಸಾರ್."

"ಒಬ್ರೇನಾ?"

"ಒಬ್ಬನೇ ಸಾರ್."

ಡಾಕ್ಟರು ಫೋನು ಕೆಳಗಿಟ್ಟು, ನನ್ನನ್ನು ಬಿಟ್ಟು, ರತ್ನನನ್ನು ನೋಡಿದರು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು.

"ಅಯ್ಯೋ ದೇವುಡಾ, ನಾನೇ ಸಾರ್ ಅದು" ಎಂದಳು. "ಮಾವ್ನೋರು ಅಂಗಾತ ಮಲಗಿದ್ದಂಗೇ ಹೋಗ್ಬುಟ್ರಂತೆ. ಇವರೂ ಅಂಗಾತಾನೆ ಮಲಗೋದು. ಈ ವರ್ಸ ಮುಗಿಯೋಗಂಟ ಆ ಹೊತ್ಗೆ ಎದ್ದು ಒಂದ್ಸಲ ಮಗ್ಗುಲು ತಿರುಗಿಸಮ್ಮ, ಮನೇಲಿ ಎಚ್ಚರ ಇರೋರು ಒಬ್ರು ಅವ್ರೆ ಅಂತ ಗುಂಡಿಗೆಗೆ ತಿಳೀಲಿ, ಅಂದ್ರು ನಮ್ಮತ್ತೆ. ಅದುಕ್ಕೆ ಫೋನ್ನಾಗೆ ಅಲಾರಂ ಇಕ್ಕಂಡು, ದಿಂಬಿನ ಕೆಳಗೆ ಮಡಿಕ್ಕಂಡು ಮಲಗ್ತೀನಿ. ಎಂಟು ತಿಂಗಳಾಯ್ತು. ಇವರಿಗೆ ಹೇಳಿದ್ರೆ ಹೆದರ್ಕಂತಾರೆ ಅಂತ ಹೇಳ್ಲಿಲ್ಲ."

ನಾನು ಹೆದರುವವನೆಂದು ಅವಳಿಗೆ ಗೊತ್ತಿತ್ತು ಎಂಬುದೇ ನನಗೆ ಮೊದಲ ಪೆಟ್ಟು.

"ಸುಲಭವಾಗಿ ತಿರುಗ್ತಾರೇನಮ್ಮ?" ಎಂದು ಡಾಕ್ಟರು ಕೇಳಿದರು.

"ಎಲ್ಲಿ ಸಾರ್! ಎಂಬತ್ತೈದು ಕೆಜಿ. ಕೈಯಾಗಾಗಲ್ಲ. ಗೋಡೆಗೆ ಒರಗಿಕೊಂಡು..." ಎಂದವಳು ಮುಂದೆ ಹೇಳಲು ನಾಚಿ, ಕಾಲನ್ನು ನೋಡಿಕೊಂಡಳು.

"ಮಲಗಿದ್ದವರನ್ನ ಒದ್ದರೆ ಎದೆಬಡಿತ ಏರದೆ ಇರುತ್ತೇನಪ್ಪ?" ಎಂದು ಡಾಕ್ಟರು ನಕ್ಕರು. ಆಮೇಲೆ ನಗು ನಿಲ್ಲಿಸಿ, "ನಿಮ್ಮ ನಿದ್ದೆ ಹೆಂಗಿದೆಯಮ್ಮ?" ಎಂದರು.

ರತ್ನ ಆ ಪ್ರಶ್ನೆಗೆ ಸಿದ್ಧಳಾಗಿ ಬಂದಿರಲಿಲ್ಲ. "ಒಂದ್ಸಲ ಎದ್ರೆ ಮತ್ತೆ ಬರಲ್ಲ ಸಾರ್. ಇವರ ಉಸಿರು ಕೇಳಿಸ್ಕಂಡು ಮಲಗಿರ್ತೀನಿ. ಶಿರಾಕ್ಕೆ ಹೋಗಿದ್ರಲ್ಲ, ಆ ಎರಡು ದಿನ ತಿರುಗ್ಸೋರು ಯಾರೂ ಇರಲ್ಲವಲ್ಲ ಅಂತ ಕೂತೇ ಇದ್ದೆ" ಎಂದಳು.

ನನಗೆ ತುಂಬ ನಾಚಿಕೆಯಾಯಿತು. ನನ್ನ ನಿದ್ದೆಗೆ ಎಷ್ಟು ಅಂಕ ಬಂತೆಂದು ನಾಲ್ಕು ತಿಂಗಳು ಬೆಳಿಗ್ಗೆ ಎದ್ದು ನೋಡಿದವನು, ಪಕ್ಕದಲ್ಲಿ ಮಲಗಿದವಳನ್ನು ನಿದ್ದೆ ಬಂತೇನೇ ಎಂದು ಒಂದು ದಿನವೂ ಕೇಳಿರಲಿಲ್ಲ. ಅವಳ ತೂಕಡಿಕೆಯನ್ನು ಪುಣ್ಯ ಎಂದಿದ್ದೆ. ಡಾಕ್ಟರು ಅವಳಿಗೆ ಒಂದು ಟಾನಿಕ್ ಬರೆದುಕೊಟ್ಟರು. ನನಗೆ ಏನೂ ಬರೆಯಲಿಲ್ಲ.

ನಾಚಿಕೆ ಮನೆಗೆ ಬರುವಷ್ಟರಲ್ಲಿ ಕೋಪವಾಯಿತು. ಕೋಪವೆಲ್ಲ ಅಮ್ಮನ ಮೇಲೆ. ಭಾನುವಾರ ಇಬ್ಬರೂ ಚನ್ನರಾಯನದುರ್ಗಕ್ಕೆ ಹೋದೆವು. ಅಮ್ಮ ಇರುವುದು ಅಲ್ಲಿ ನನ್ನ ತಮ್ಮನ ಸಂಸಾರದ ಜೊತೆ. ದಾರಿಯುದ್ದಕ್ಕೂ ಒಂದು ಭಾಷಣ ತಯಾರಿಸಿಕೊಂಡಿದ್ದೆ. ಮೂಢನಂಬಿಕೆ, ವಿಜ್ಞಾನ, ಹೆಣ್ಣುಮಗಳ ಆರೋಗ್ಯ ಎಲ್ಲ ಅದರಲ್ಲಿತ್ತು. ಅಮ್ಮ ಮನೆಮುಂದಿನ ಹಟ್ಟಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನು ನಿಂತುಕೊಂಡೇ ಶುರು ಮಾಡಿದೆ. ಅಮ್ಮ ತಲೆ ಎತ್ತದೆ ಒಂದಷ್ಟು ಕೇಳಿಸಿಕೊಂಡಳು.

"ಲೇ ಮಂಜಾ, ಕೂತ್ಕಳ್ಲಾ" ಎಂದಳು. ಕೂತೆ. "ಅವತ್ತು ಸರಿವೊತ್ನಾಗೆ ನಿಮ್ಮಪ್ಪ ಒಂದ್ಸಲ ನರಳಿದ್ರು ಕಣ್ಲಾ. ನಂಗೆ ಕೇಳುಸ್ತು. ಹೊಲ್ದಾಗೆ ದುಡುದು ದಣಿದವ್ರೆ, ಪಾಪ ಮಲಗ್ಲಿ, ಅಂತ ನಾನು ಸುಮ್ಕಾದೆ. ಎದ್ದು ಒಂದೀಟು ಮಗ್ಗುಲು ತಿರುಗಿಸಿದ್ರೆ ಉಳೀತಿದ್ರೇನೋ. ಇಷ್ಟು ವರ್ಸ ಯಾರ್ತಾವೂ ಹೇಳ್ಕಂಡಿರ್ಲಿಲ್ಲ. ಈ ಸಲ ನಿಂಗೂ ಅದೇ ವಯಸ್ಸು ಬಂತಲ್ಲ, ತಡೀಲಾರ್ದೆ ರತ್ನುಂಗೆ ಹೇಳ್ಬುಟ್ಟೆ."

ಅಮ್ಮನ ಕೈ ಹುಣಸೆಹಣ್ಣಿನಲ್ಲೇ ಇತ್ತು. ತಿರುಗಿಸಿದ್ದರೂ ಅಪ್ಪ ಉಳಿಯುತ್ತಿರಲಿಲ್ಲ ಎಂದು ಹೇಳಿದೆ. ಎರಡು ಸಲ ಹೇಳಿದೆ. ಅವಳು ತಲೆಯಾಡಿಸಿದಳು, ನಂಬಿದಂತೆ ಕಾಣಲಿಲ್ಲ. ಭಾಷಣದ ಉಳಿದ ಭಾಗ ನೆನಪಿಗೆ ಬರಲಿಲ್ಲ. "ಇನ್ನು ನಾಕು ತಿಂಗಳು ತಾನೇ, ಬುಡಮ್ಮ, ತಿರುಗ್ತೀನಿ" ಎಂದೆ. ರತ್ನ ಅತ್ತೆಯ ಪಕ್ಕದಲ್ಲಿ ಕೂತು ತಾನೂ ಬೀಜ ಬಿಡಿಸತೊಡಗಿದಳು.

ವಾಪಸು ಬರುವ ಬಸ್ಸಿನಲ್ಲಿ ಗಂಡಹೆಂಡತಿ ಒಂದು ಒಪ್ಪಂದ ಮಾಡಿಕೊಂಡೆವು. ಅಲಾರಂ ನನ್ನ ಫೋನಿಗೆ ಬಂತು. ಎರಡೂವರೆಗೆ ನಾನೇ ಎದ್ದು, ನಾನೇ ಮಗ್ಗುಲು ತಿರುಗಿ ಮಲಗಬೇಕು. ಬೆಳಿಗ್ಗೆ ಆರಕ್ಕೆ ಅಮ್ಮನಿಗೆ ಫೋನು ಮಾಡಿ "ತಿರುಗಿದೆ ಕಣಮ್ಮ" ಎಂದು ವರದಿ ಒಪ್ಪಿಸಬೇಕು. ರತ್ನ ಮಾತ್ರ ರಾತ್ರಿಯಿಡೀ ಮಲಗಬೇಕು. ಬ್ಯಾಂಡನ್ನು ಬಿಚ್ಚಿ ಬೀರುವಿನಲ್ಲಿಟ್ಟೆ.

ಮೊದಲ ರಾತ್ರಿ ಅಲಾರಂ ಹೊಡೆಯಿತು. ಎದ್ದೆ. ಧೈರ್ಯವಾಗಿ ಬಲಮಗ್ಗುಲಿಗೆ ತಿರುಗಿದೆ. ಅಲ್ಲಿ ರತ್ನ ಮಲಗಿದ್ದಳು. ಎಂಟು ತಿಂಗಳ ನಿದ್ದೆ ಒಟ್ಟಿಗೇ ಬಂದಿತ್ತೋ ಏನೋ, ಕೈಕಾಲು ಒಂದೂ ಅಲುಗದು. ನೋಡುತ್ತ ಮಲಗಿದೆ. ಬರಬರುತ್ತ ಅವಳ ಉಸಿರಾಟ ನನಗೆ ಕೇಳಿಸದಾಯಿತು. ಕಿವಿಗೊಟ್ಟರೂ ಕೇಳಿಸಲಿಲ್ಲ. ನನ್ನ ಎದೆ ಝಲ್ಲೆಂದಿತು. ಅಂಥ ಭಯ ನನಗೆ ನನ್ನ ಬಗ್ಗೆ ಯಾವತ್ತೂ ಆಗಿರಲಿಲ್ಲ. ಭುಜ ಹಿಡಿದು ಅಲುಗಿಸಿಬಿಟ್ಟೆ. ಅವಳು "ಏನ್ರೀ, ಏನಾಯ್ತು?" ಎಂದು ದಡಬಡಿಸಿ ಎದ್ದು ಕೂತಳು. "ಏನಿಲ್ಲ, ಮಲಕ್ಕೊ" ಎಂದೆ. ಆಮೇಲೆ ಮೂರರ ಹೊತ್ತಿಗೆ ಇನ್ನೊಂದು ಸಲ ಅನುಮಾನ ಬಂತು. ನಾಲ್ಕಕ್ಕೂ ಬಂತು.

ಹೀಗೇ ಮೂರು ವಾರ ಕಳೆಯಿತು. ಇವತ್ತು ಬೆಳಿಗ್ಗೆ ಅಮ್ಮನಿಗೆ ವರದಿ ಒಪ್ಪಿಸಿ ಫೋನು ಕೆಳಗಿಟ್ಟೆ, ರತ್ನ ಕಾಫಿ ತಂದು ಮುಂದಿಟ್ಟು, ಎದುರಿಗೆ ನಿಂತಳು. ಕಣ್ಣು ಕೆಂಪಗಿದ್ದವು.

"ಆ ಅಲಾರಂ ನಂಗೇ ವಾಪಸು ಕೊಟ್ಬುಡ್ರೀ" ಎಂದಳು. "ನಾನಾದ್ರೆ ನಿಮ್ಮನ್ನ ರಾತ್ರಿಗೆ ಒಂದೇ ಸಲ ಅಲುಗಿಸ್ತಿದ್ದೆ."